ವಿಡಿಯೋ ಗೇಮ್ ಯಂತ್ರವೂ ಅದರ ಹೊಸ ಬಗೆಯ ಕಂಟ್ರೋಲರುಗಳೂ

ಯಂತ್ರವೊಂದರ ಯೋಗ್ಯತೆಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಅದರ ಒಳಗಿನ ಶಕ್ತಿ ಎಷ್ಟೆಂದು ಕೇಳುತ್ತೇವೆ; ಅದು ಮನುಷ್ಯನ ಕೈಗೆ ಹೇಗೆ ಒದಗುತ್ತದೆ ಎಂದು ಕೇಳುವುದು ಕಡಿಮೆ. ನೇಗಿಲಿಗೆ ಗುಳ ಎಷ್ಟು ಮುಖ್ಯವೋ ಮೇಳಿಯೂ ಅಷ್ಟೇ ಮುಖ್ಯ. ಗುಳ ನೆಲವನ್ನು ಸೀಳುತ್ತದೆ, ನಿಜ; ಆದರೆ ಎಲ್ಲಿ ಸೀಳಬೇಕೆಂಬುದನ್ನು ರೈತನ ಕೈ ಮೇಳಿಯ ಮೂಲಕವೇ ತಿಳಿಸಬೇಕು. ವಿಡಿಯೋ ಗೇಮ್ ಯಂತ್ರಕ್ಕೆ ಕಂಟ್ರೋಲರ್ ಎಂಬುದು ಇಂಥದೊಂದು ಮೇಳಿ. ಕಳೆದ ನಲವತ್ತು ವರ್ಷಗಳಲ್ಲಿ ಇದಕ್ಕೆ ನಾನಾ ವಿಚಿತ್ರ ರೂಪಗಳು ಬಂದಿವೆ. ಪಿಸ್ತೂಲು, ಕೈಗವಸು, ಗಿಟಾರು, ಕ್ಯಾಮರಾ ಇವೆಲ್ಲವೂ ಕಂಟ್ರೋಲರುಗಳಾಗಿವೆ. ಇಂಥ ಹೊಸ ಬಗೆಗಳಿಂದ ಯಂತ್ರಕ್ಕೆ ಲಾಭವೋ ನಷ್ಟವೋ ಎಂಬುದು ಈ ಲೇಖನದ ವಿಚಾರ. ಇದು ಕೇವಲ ಮಕ್ಕಳಾಟದ ಪ್ರಶ್ನೆಯೆಂದು ಓದುಗರು ತಳ್ಳಿಹಾಕಬಾರದು. ಯಂತ್ರಗಳ ಈ ಕಾಲದಲ್ಲಿ ಯಾರು ಒಳಗೆ ಬರಬಹುದು, ಯಾರು ಹೊರಗೆ ಉಳಿಯಬೇಕು ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಮೊದಲು ‘ರೂಢಿಯದು’ ಎಂದರೆ ಯಾವುದು ಎಂಬುದನ್ನು ನಿಶ್ಚಯಿಸಿಕೊಳ್ಳೋಣ. ಇಂದು ಕಂಟ್ರೋಲರ್ ಎಂದೊಡನೆ ಎರಡು ಕೈಗಳಿಂದ ಹಿಡಿದು ಹೆಬ್ಬೆರಳುಗಳಿಂದ ಒತ್ತುವ ಉಪಕರಣ ಕಣ್ಣಮುಂದೆ ನಿಲ್ಲುತ್ತದೆ. ಇದರ ಎಡಗಡೆಯಲ್ಲಿರುವ ಅಧಿಕ ಚಿಹ್ನೆಯಾಕಾರದ ಗುಂಡಿಯನ್ನು ಜಪಾನಿನ ನಿಂಟೆಂಡೊ ಸಂಸ್ಥೆಯ ಗುನ್‌ಪೈ ಯೊಕೊಯಿ ಎಂಬಾತ ರೂಪಿಸಿದನು. 1982ರಲ್ಲಿ ಅಂಗೈಯಗಲದ ಒಂದು ಆಟದಲ್ಲಿ ಅದು ಬಂದಿತು. ಅದಕ್ಕೆ ಮುಂಚೆ ಅಟಾರಿ ಯಂತ್ರದ ನೆಟ್ಟನೆಯ ಕೋಲೇ, ಅಂದರೆ ಜಾಯ್‌ಸ್ಟಿಕ್ಕೇ, ರೂಢಿಯದಾಗಿತ್ತು. ಹೆಬ್ಬೆರಳಿನಿಂದ ಅತ್ತಿತ್ತ ಬಾಗಿಸುವ ಸಣ್ಣ ಕಡ್ಡಿಯನ್ನು 1996ರ ನಿಂಟೆಂಡೊ 64 ಯಂತ್ರವು ಮನೆಮನೆಗೆ ಪರಿಚಯಿಸಿತು. ಮರುವರ್ಷವೇ ಸೋನಿ ಸಂಸ್ಥೆ ಅಂಥ ಕಡ್ಡಿಗಳನ್ನು ಎರಡಾಗಿ ಇರಿಸಿತು. ಎಂದರೆ, ನಾವು ಇಂದು ಸಹಜವೆಂದು ತಿಳಿದಿರುವ ಪ್ರತಿಯೊಂದು ಗುಂಡಿಯೂ ಒಂದು ಕಾಲಕ್ಕೆ ವಿಚಿತ್ರವಾಗಿಯೇ ಇದ್ದಿತು. ಆದುದರಿಂದ ಹೊಸದೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಹಳಿಯಲಾಗದು. ಹೊಸದೆಂಬ ಒಂದೇ ಕಾರಣಕ್ಕೆ ಹೊಗಳಲೂ ಆಗದು.

ರೂಢಿಯೆಂಬುದು ನೋಡುವವನ ಊರನ್ನು ಅವಲಂಬಿಸಿದೆ ಎಂಬುದಕ್ಕೆ ನಮ್ಮ ತುಂಗಭದ್ರೆಯ ದಡದಲ್ಲಿಯೇ ಒಂದು ನಿದರ್ಶನವುಂಟು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡೆಗೆ ಜನರು ದಾಟುತ್ತಿದ್ದ ಹರಿಗೋಲುಗಳನ್ನು ಕಂಡು ಬೆರಗಾಗಿ ಬಣ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು ಹೊದ್ದು, ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಸಾಗುತ್ತಿದ್ದುವೆಂದು ಅವನ ಮಾತಿನ ಸಾರಾಂಶ. ಸಮುದ್ರದ ಹಡಗುಗಳನ್ನು ಬಲ್ಲ ಅವನಿಗೆ ಅದು ವಿಚಿತ್ರ. ಬಂಡೆಗಳಿಂದ ತುಂಬಿದ ಈ ಹೊಳೆಯ ಅಂಬಿಗನಿಗೆ ಅದೇ ಸಹಜ. ಏಕೆಂದರೆ ಚಪ್ಪಟೆ ತಳದ ಹಗುರವಾದ ಬುಟ್ಟಿ ಬಂಡೆಗೆ ಸಿಕ್ಕಿಕೊಳ್ಳದು. ಆದರೆ ಅದೇ ಹರಿಗೋಲನ್ನು ಕಡಲಿಗೆ ಇಳಿಸಿದರೆ ಗತಿಯೇನು? ಸಾಧನದ ಗುಣವನ್ನು ಅದರ ಆಕಾರದಿಂದಲ್ಲ, ನೀರಿನಿಂದ ತಿಳಿಯಬೇಕು. ಈ ಮಾತನ್ನು ಮನಸ್ಸಿನಲ್ಲಿರಿಸಿಕೊಂಡು ವಿಡಿಯೋ ಗೇಮುಗಳ ಇತಿಹಾಸವನ್ನು ಪರಿಶೀಲಿಸೋಣ.

1983ರಲ್ಲಿ ಅಮೆರಿಕದಲ್ಲಿ ವಿಡಿಯೋ ಗೇಮುಗಳ ವ್ಯಾಪಾರ ಕುಸಿದುಬಿದ್ದಿತು. ಅಂಗಡಿಕಾರರು ಅಂಥ ಯಂತ್ರಗಳನ್ನು ಇಟ್ಟುಕೊಳ್ಳಲು ಹೆದರುತ್ತಿದ್ದರು. 1985ರಲ್ಲಿ ನಿಂಟೆಂಡೊ ತನ್ನ ಯಂತ್ರವನ್ನು ಅಲ್ಲಿಗೆ ತಂದಾಗ ಅದರೊಡನೆ ‘ರಾಬ್’ ಎಂಬ ಪುಟ್ಟ ಯಂತ್ರಮಾನವನನ್ನೂ ಒಂದು ಬೆಳಕಿನ ಪಿಸ್ತೂಲನ್ನೂ ಇರಿಸಿತು. ನೋಡುವವರಿಗೆ ಅದು ಹೊಸ ಬಗೆಯ ಆಟಿಕೆಯಂತೆ ಕಾಣಿಸಿತು. ರಾಬ್‌ಗಾಗಿ ಹೊರಬಂದ ಆಟಗಳು ಎರಡೇ. ಆದರೂ ಯಂತ್ರಕ್ಕೆ ಅಂಗಡಿಯ ಬಾಗಿಲನ್ನು ತೆರೆಸುವ ಕೆಲಸವನ್ನು ಅದು ಮಾಡಿತು. ಅನಂತರ ಜನರು ಆಡಿದ್ದು ಪೆಟ್ಟಿಗೆಯಲ್ಲಿದ್ದ ಸಾಧಾರಣ ಕಂಟ್ರೋಲರಿನಿಂದಲೇ.

ಪಿಸ್ತೂಲಿನ ಕಥೆ ನಮ್ಮಲ್ಲಿ ಕೆಲವರಿಗೆ ಅಣ್ಣ ಅಕ್ಕಂದಿರ ಬಾಯಿಂದ ಕೇಳಿ ತಿಳಿದಿರಬಹುದು. 1990ರ ದಶಕದಲ್ಲಿ ನಮ್ಮ ದೇಶದ ಮನೆಗಳಿಗೆ ಬಂದ ಅಗ್ಗದ ‘ಟಿ.ವಿ. ಗೇಮು’ಗಳಲ್ಲಿ ಅನೇಕವು ಈ ಜಪಾನೀ ಯಂತ್ರದ ನಕಲುಗಳು. ಬಾತುಕೋಳಿ ಹೊಡೆಯುವ ಪಿಸ್ತೂಲು ಅವುಗಳ ಜೊತೆಗೂ ಬರುತ್ತಿತ್ತು. ಕುದುರೆ ಎಳೆದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿಯಿದ್ದ ಕಡೆ ಮಾತ್ರ ಬಿಳಿಯ ಚೌಕ ಮೂಡುತ್ತಿತ್ತು. ಪಿಸ್ತೂಲಿನ ಕೊಳವೆಯಲ್ಲಿದ್ದ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಈ ಉಪಾಯ ಹಳೆಯ ಗಾಜಿನ ಕೊಳವೆಯ ಟಿ.ವಿ.ಯ ವೇಗಕ್ಕೆ ಹೊಂದಿಸಿದ್ದು. ತೆಳುವಾದ ಹೊಸ ಟಿ.ವಿ.ಗಳು ಬಂದಮೇಲೆ ಆ ಪಿಸ್ತೂಲು ಕೆಲಸಕ್ಕೆ ಬಾರದಾಯಿತು. ಗುಂಡಿಗಳ ಕಂಟ್ರೋಲರ್ ಮಾತ್ರ ಕೆಲಸ ಮಾಡುತ್ತಲೇ ಉಳಿಯಿತು.

1989ರಲ್ಲಿ ಅದೇ ಯಂತ್ರಕ್ಕಾಗಿ ಅಮೆರಿಕದ ಮ್ಯಾಟೆಲ್ ಸಂಸ್ಥೆ ‘ಪವರ್ ಗ್ಲವ್’ ಎಂಬ ಕೈಗವಸನ್ನು ತಂದಿತು. ಕೈಯನ್ನು ಗಾಳಿಯಲ್ಲಿ ಆಡಿಸಿದರೆ ಆಟ ನಡೆಯಬೇಕೆಂಬುದು ಅದರ ಉದ್ದೇಶ. ಅದು ಕೈಯ ಚಲನೆಯನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲ. ಅದಕ್ಕೆಂದೇ ರಚಿಸಿದ ಆಟಗಳೂ ಎರಡೇ ಬಂದುವು. ಕೈಗವಸು ಸೋತಿತು. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು: ಕೈಗವಸು ಸೋತರೂ ಯಂತ್ರ ಸೋಲಲಿಲ್ಲ. ಬೇಕಾದವನು ಕೊಂಡನು, ಬೇಡವಾದವನು ಬಿಟ್ಟನು. 2005ರಲ್ಲಿ ಬಂದ ‘ಗಿಟಾರ್ ಹೀರೋ’ ಆಟದ ಪ್ಲಾಸ್ಟಿಕ್ ಗಿಟಾರಿನ ಗತಿಯೂ ಇಂಥದೇ. ಕೆಲವು ವರ್ಷ ಅದು ಮೆರೆಯಿತು. 2011ರಲ್ಲಿ ಅದರ ಪ್ರಕಾಶಕರು ಆ ವಿಭಾಗವನ್ನೇ ಮುಚ್ಚಿದರು. ಗಿಟಾರುಗಳು ಅಟ್ಟ ಸೇರಿದುವು. ಯಂತ್ರಗಳಿಗೆ ಕುಂದೇನೂ ಬರಲಿಲ್ಲ. ಕಂಟ್ರೋಲರಿನ ಸೋಲು ಬೇರೆ, ಯಂತ್ರದ ಸೋಲು ಬೇರೆ.

ಇನ್ನು ದೊಡ್ಡ ಗೆಲುವಿನ ಉದಾಹರಣೆಗೆ ಬರೋಣ. 2006ರಲ್ಲಿ ನಿಂಟೆಂಡೊ ‘ವೀ’ ಎಂಬ ಯಂತ್ರವನ್ನು ಹೊರತಂದಿತು. ಅದರ ಕಂಟ್ರೋಲರ್ ಟಿ.ವಿ. ರಿಮೋಟಿನಂತೆ ಒಂದೇ ಕೈಯಲ್ಲಿ ಹಿಡಿಯುವಂಥದು. ಒಳಗೆ ಚಲನೆಯನ್ನು ಅಳೆಯುವ ಒಂದು ಚಿಪ್ಪು, ತುದಿಯಲ್ಲಿ, ಟಿ.ವಿ.ಯ ಬಳಿ ಇರಿಸಿದ ಪಟ್ಟಿಯ ಅವಕೆಂಪು ದೀಪಗಳನ್ನು ನೋಡುವ ಒಂದು ಪುಟ್ಟ ಕ್ಯಾಮರಾ. ಟೆನಿಸ್ ಆಡಬೇಕಾದರೆ ಬ್ಯಾಟು ಬೀಸಿದಂತೆ ಕೈ ಬೀಸಿದರಾಯಿತು. ಎಂದೂ ಆಟದ ಯಂತ್ರವನ್ನು ಮುಟ್ಟದ ಅಜ್ಜಿಯೂ ಒಮ್ಮೆ ನೋಡಿ ಕಲಿಯಬಲ್ಲಳು. ಚಿತ್ರದ ಸ್ಪಷ್ಟತೆಯಲ್ಲಿಯೂ ವೇಗದಲ್ಲಿಯೂ ಆ ಕಾಲದ ಪ್ರತಿಸ್ಪರ್ಧಿ ಯಂತ್ರಗಳಿಗಿಂತ ‘ವೀ’ ಹಿಂದೆಯೇ ಇದ್ದಿತು. ಆದರೂ ಅದೇ ಸಂಸ್ಥೆಯ ಹಿಂದಿನ ಯಂತ್ರ ‘ಗೇಮ್‌ಕ್ಯೂಬ್’ ಸುಮಾರು 2 ಕೋಟಿ 17 ಲಕ್ಷ ಮಾರಾಟವಾಗಿದ್ದರೆ, ‘ವೀ’ 10 ಕೋಟಿ 16 ಲಕ್ಷವನ್ನು ಮುಟ್ಟಿತು.

ಈ ಗೆಲುವಿಗೆ ಹೊಸತನವೊಂದೇ ಕಾರಣವೇ? ಅಲ್ಲವೆಂದು ತೋರುತ್ತದೆ. ಕಂಟ್ರೋಲರ್ ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಇದ್ದುದರಿಂದ ಆಟ ಬರೆಯುವವರು ಅದನ್ನು ನಂಬಿ ಬರೆಯಬಹುದಾಗಿತ್ತು. ಅಮೆರಿಕದಲ್ಲಿ ಅದರ ಬೆಲೆ 250 ಡಾಲರು; ಅದೇ ವರ್ಷ ಬಂದ ಪ್ಲೇಸ್ಟೇಷನ್ 3ರ ಬೆಲೆ 500 ಡಾಲರಿನಿಂದ ಆರಂಭವಾಗುತ್ತಿತ್ತು. ಹೊಸ ಉಪಕರಣದ ಖರ್ಚು ಕೊಳ್ಳುವವನ ತಲೆಯ ಮೇಲೆ ಬೀಳಲಿಲ್ಲ. ಅಲ್ಲದೆ, ಹಳೆಯ ಬಗೆಯ ಕಂಟ್ರೋಲರನ್ನು ಜೋಡಿಸಲು ಅದರಲ್ಲಿ ಅವಕಾಶವೂ ಇದ್ದಿತು. ಹೊಸ ಬಾಗಿಲು ತೆರೆಯಿತು. ಹಳೆಯ ಬಾಗಿಲು ಮುಚ್ಚಲಿಲ್ಲ.

ಇದಕ್ಕೆ ವಿರುದ್ಧವಾದ ಪಾಠ ಮೈಕ್ರೋಸಾಫ್ಟ್ ಸಂಸ್ಥೆಯ ‘ಕಿನೆಕ್ಟ್’ನಲ್ಲಿದೆ. ಕೈಯಲ್ಲಿ ಏನೂ ಹಿಡಿಯದೆ, ಕ್ಯಾಮರಾದ ಮುಂದೆ ಮೈಯನ್ನೇ ಆಡಿಸಿ ಆಡುವ ಈ ಸಾಧನ 2010ರಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಪ್ರತ್ಯೇಕ ಉಪಕರಣವಾಗಿ ಬಂದು, ಮೊದಲ 60 ದಿನಗಳಲ್ಲಿಯೇ 80 ಲಕ್ಷ ಮಾರಾಟವಾಯಿತು. ಇದರಿಂದ ಉತ್ಸಾಹಗೊಂಡ ಸಂಸ್ಥೆ 2013ರ ಎಕ್ಸ್‌ಬಾಕ್ಸ್ ಒನ್ ಯಂತ್ರದೊಡನೆ ಅದನ್ನು ಎಲ್ಲರೂ ಕೊಳ್ಳಲೇಬೇಕೆಂದು ಸೇರಿಸಿತು. ಬೆಲೆ 499 ಡಾಲರು. ಪ್ರತಿಸ್ಪರ್ಧಿ ಪ್ಲೇಸ್ಟೇಷನ್ 4ಕ್ಕೆ 399. ಏಳು ತಿಂಗಳಲ್ಲಿ, 2014ರ ಜೂನಿನಲ್ಲಿ, ಕಿನೆಕ್ಟ್ ಇಲ್ಲದ ಯಂತ್ರವನ್ನು 399 ಡಾಲರಿಗೆ ಕೊಡಬೇಕಾಯಿತು. ಕಿನೆಕ್ಟ್‌ಗಾಗಿ ಕಾದಿರಿಸಿದ್ದ ಚಿತ್ರ ರಚಿಸುವ ಶಕ್ತಿಯನ್ನೂ ಆಟ ಬರೆಯುವವರಿಗೆ ಬಿಟ್ಟುಕೊಡಲಾಯಿತು. 2017ರಲ್ಲಿ ಅದರ ತಯಾರಿಕೆಯೇ ನಿಂತಿತು. ಮೊದಲಿನ ಕಿನೆಕ್ಟ್ ಒಬ್ಬರಿಗೆ ಸುಮಾರು 6 ಅಡಿ, ಇಬ್ಬರಿಗೆ 8 ಅಡಿ ದೂರವನ್ನು ಬೇಡುತ್ತಿತ್ತು. ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ, ನಮ್ಮ ಬಾಡಿಗೆ ಮನೆಗಳ ಪಡಸಾಲೆಯಲ್ಲಿ ಟಿ.ವಿ.ಯ ಮುಂದೆ 8 ಅಡಿ ಬರಿದಾದ ನೆಲ ಎಷ್ಟು ಮನೆಗಳಲ್ಲಿ ದೊರೆತೀತು? ಕಂಟ್ರೋಲರ್ ಕೇಳುವ ಬೆಲೆ ಹಣವೊಂದೇ ಅಲ್ಲ. ಜಾಗ, ಬೆಳಕು, ಮೈಯ ಶಕ್ತಿ ಇವೂ ಬೆಲೆಯೇ.

ಗೆದ್ದ ನಿಂಟೆಂಡೊ ಕೂಡ ಇದೇ ಕಲ್ಲನ್ನು ಎಡವಿತು. 2012ರ ‘ವೀ ಯೂ’ ಯಂತ್ರಕ್ಕೆ ಪರದೆಯಿರುವ ದೊಡ್ಡ ಕಂಟ್ರೋಲರನ್ನು ಕೊಟ್ಟಿತು. ಇದು ಹೊಸ ಯಂತ್ರವೋ ಹಳೆಯದಕ್ಕೆ ಸೇರಿಸುವ ಉಪಕರಣವೋ ಎಂಬುದೇ ಅನೇಕರಿಗೆ ತಿಳಿಯಲಿಲ್ಲ. ಮಾರಾಟ 1 ಕೋಟಿ 35 ಲಕ್ಷಕ್ಕೆ ನಿಂತಿತು. ಆದರೆ 2017ರ ‘ಸ್ವಿಚ್’ನಲ್ಲಿ ಅದೇ ಯೋಚನೆ ಪಕ್ವವಾಗಿ ಬಂದಿತು: ಪರದೆಯನ್ನು ಎತ್ತಿಕೊಂಡು ಹೋಗಬಹುದು, ಟಿ.ವಿ.ಗೂ ಜೋಡಿಸಬಹುದು, ಗುಂಡಿಗಳು ಮಾತ್ರ ರೂಢಿಯವೇ. ಅದು 15 ಕೋಟಿಯನ್ನು ಮೀರಿ ಮಾರಾಟವಾಯಿತು.

ನಮ್ಮ ನಾಡಿನಲ್ಲಿ ಇಂಥ ಪ್ರಯೋಗಗಳು ನಡೆದಿಲ್ಲವೆನ್ನಬಾರದು. 2004ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ‘ಅಮಿಡ ಸಿಂಪ್ಯೂಟರ್’ ಎಂಬ ಅಂಗೈ ಗಣಕದಲ್ಲಿ ಚಲನೆಯನ್ನು ತಿಳಿಯುವ ಸಾಧನವಿದ್ದಿತು. ಕೈಯನ್ನು ಕೊಂಚ ಅಲುಗಿಸಿದರೆ ಪುಟ ತಿರುಗುತ್ತಿತ್ತು. ‘ವೀ’ಗಿಂತ ಅದು ಎರಡು ವರ್ಷ ಹಿರಿದು. ಆದರೂ ಅದು ನಿರೀಕ್ಷಿಸಿದಷ್ಟು ಹರಡಲಿಲ್ಲ. ಚಮತ್ಕಾರವೊಂದೇ ಯಂತ್ರವನ್ನು ಹೊತ್ತು ನಡೆಯಲಾರದು ಎಂಬುದಕ್ಕೆ ಇದೂ ಸಾಕ್ಷಿ.

ಇನ್ನೂ ಹತ್ತಿರದ ಉದಾಹರಣೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನದು. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಎಂಬವರು ರಚಿಸಿದ ‘ಪ್ಲೇಸ್–ಹಂಪಿ’ ಎಂಬ ಪ್ರದರ್ಶನ 2006ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಮೊದಲು ತೋರಿಸಲ್ಪಟ್ಟು, 2012ರಲ್ಲಿ ತೋರಣಗಲ್ಲಿನ ಕಲಾಧಾಮದಲ್ಲಿ ಸ್ಥಾಪಿತವಾಯಿತು. ಇದು ಮನೆಯ ಆಟದ ಯಂತ್ರವಲ್ಲ. ಆದರೆ ಇದರ ಕಂಟ್ರೋಲರ್ ಮೇಲಿನ ಎಲ್ಲಕ್ಕಿಂತಲೂ ವಿಚಿತ್ರವಾದುದು. ಸುಮಾರು 9 ಮೀಟರ್ ವ್ಯಾಸದ ದುಂಡು ಪರದೆಯ ನಡುವೆ ಮೋಟಾರಿನಿಂದ ತಿರುಗುವ ಒಂದು ಅಟ್ಟಣೆ. ಅದರ ಮೇಲೆ ನಿಂತವನು ಅದನ್ನು ತಿರುಗಿಸಿದಂತೆ ಎದುರಿನ ಚಿತ್ರವೂ ಸುತ್ತುತ್ತದೆ. ವಿಶೇಷ ಕನ್ನಡಕದ ಮೂಲಕ ಹಂಪಿಯ ಗುಡಿ, ಬಂಡೆಗಳು ಉಬ್ಬುತಗ್ಗಿನೊಡನೆ ಕಾಣುತ್ತವೆ. ಹಂಪಿ ಒಂದೆಡೆ ಕುಳಿತು ನೋಡುವ ಸ್ಥಳವಲ್ಲ. ಸುತ್ತಿ, ತಿರುಗಿ, ಹಿಂದಿರುಗಿ ನೋಡುವ ಸ್ಥಳ. ಆ ನೋಟಕ್ಕೆ ಈ ಅಟ್ಟಣೆ ಒಪ್ಪುತ್ತದೆ. ಒಬ್ಬನು ತಿರುಗಿಸುವಾಗ ಉಳಿದವರು ಅವನ ಕಣ್ಣಿನಿಂದಲೇ ನೋಡಬೇಕಾಗುವುದು ಮಾತ್ರ ಅದರ ಮಿತಿ.

ಇಲ್ಲಿಂದ ನಮಗೆ ಒಂದು ಭೇದ ತಿಳಿಯುತ್ತದೆ. ಒಂದೇ ಕೆಲಸಕ್ಕಾಗಿ ಕಟ್ಟಿದ ಯಂತ್ರಕ್ಕೆ ಆ ಕೆಲಸಕ್ಕೆಂದೇ ರೂಪಿಸಿದ ಕಂಟ್ರೋಲರ್ ಭೂಷಣ. ನೂರು ಬಗೆಯ ಆಟಗಳನ್ನು ಆಡಿಸಬೇಕಾದ ಯಂತ್ರಕ್ಕೆ ಅದೊಂದನ್ನೇ ಕಡ್ಡಾಯ ಮಾಡಿದರೆ ಸಂಕೋಲೆ. ಹರಿಗೋಲು ಹೊಳೆಗೆ ಚೆಂದ; ಲೋಕದ ನೀರೆಲ್ಲಕ್ಕೂ ಅದೇ ಎಂದು ಹಟ ಹಿಡಿದರೆ ಮುಳುಗಬೇಕಾದೀತು.

ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: “ಹಾಗಾದರೆ ರೂಢಿಯ ಗುಂಡಿಗಳೇ ಸಾಕಲ್ಲವೇ? ಈ ಪ್ರಯೋಗಗಳಾದರೂ ಏಕೆ?” ಇದಕ್ಕೆ ಉತ್ತರ 2018ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಅಡಾಪ್ಟಿವ್ ಕಂಟ್ರೋಲರ್’ನಲ್ಲಿದೆ. ಕಿನೆಕ್ಟ್‌ನಿಂದ ಪೆಟ್ಟು ತಿಂದ ಸಂಸ್ಥೆಯೇ ಇದನ್ನು ಮಾಡಿತೆಂಬುದು ಗಮನಾರ್ಹ. ಅದರ ಮೇಲೆ ಎರಡು ಅಗಲವಾದ ದುಂಡು ಗುಂಡಿಗಳು. ಹಿಂಬದಿಯಲ್ಲಿ ಸಾಲಾಗಿ ತೂತುಗಳು. ಕಾಲಿನಿಂದ ತುಳಿಯುವ ಪೆಡಲು, ಮೊಣಕೈಯಿಂದ ಒತ್ತುವ ಗುಂಡಿ, ಹೀಗೆ ಯಾರ ಮೈಗೆ ಯಾವುದು ಒದಗುವುದೋ ಅದನ್ನು ಜೋಡಿಸಿಕೊಳ್ಳಬಹುದು. 2023ರಲ್ಲಿ ಸೋನಿಯೂ ಇದೇ ಉದ್ದೇಶದ ಕಂಟ್ರೋಲರನ್ನು ತಂದಿತು. ಎರಡು ಕೈ, ಹತ್ತು ಬೆರಳು ಉಳ್ಳವರಿಗೆ ಯಾವುದು ರೂಢಿಯೋ ಅದೇ ಒಂದು ಕೈಯುಳ್ಳವನಿಗೆ ಮುಚ್ಚಿದ ಬಾಗಿಲು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂಸ್ಕೃತಿ, ಮನರಂಜನೆಗಳನ್ನೂ ಹಕ್ಕಿನ ವಿಷಯವಾಗಿ ಗಣಿಸಿದೆ. ಆಟವೂ ಮನುಷ್ಯನ ಅವಶ್ಯಕತೆಯೇ. ರೂಢಿಗೆ ವಿರುದ್ಧವಾದ ಕಂಟ್ರೋಲರಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಆದುದರಿಂದ ನಮ್ಮ ನಿರ್ಣಯ ಇಷ್ಟು: ಹೊಸ ಬಗೆಯ ಕಂಟ್ರೋಲರ್ ಯಂತ್ರಕ್ಕೆ ಲಾಭ ತರುವುದು, ಹೊರಗಿದ್ದ ಜನರನ್ನು ಒಳಗೆ ಕರೆತಂದಾಗ. ಅದು ನಷ್ಟ ತರುವುದು, ಒಳಗಿದ್ದವರ ಮೇಲೆ ಹೇರಿಕೆಯಾಗಿ ಬಿದ್ದಾಗ. ಹೊಸ ಯಂತ್ರವೊಂದು ಮಾರುಕಟ್ಟೆಗೆ ಬಂದಾಗ ಅದರ ವೇಗವೆಷ್ಟು, ಬೆಲೆಯೆಷ್ಟು ಎಂದು ಕೇಳುವ ನಾವು, ಇದು ಯಾರಿಗೆ ಬಾಗಿಲು ತೆರೆಯಿತು, ಯಾರಿಗೆ ಮುಚ್ಚಿತು ಎಂದೂ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು. ಬ್ಯಾಂಕಿನ ಹಣದ ಯಂತ್ರ, ರೈಲ್ವೆ ನಿಲ್ದಾಣದ ಟಿಕೆಟ್ ಯಂತ್ರ, ಕೈಯೊಳಗಿನ ಮೊಬೈಲು ಇವೆಲ್ಲಕ್ಕೂ ಈ ಪ್ರಶ್ನೆ ಸಲ್ಲುತ್ತದೆ. ವಿದ್ಯಾವಂತರೆನಿಸಿಕೊಳ್ಳುವವರು ಇದನ್ನು ಕೇಳದಿದ್ದರೆ ಮತ್ತಾರು ಕೇಳಿಯಾರು?