ಡಬ್ಬ ಚಿಕ್ಕದು, ಕಾರ್ಡು ಯಾವುದು?

ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ ‘ಯಾವುದು ಫಾಸ್ಟು?’, ಎರಡನೆಯದು ‘ಎಷ್ಟಕ್ಕೆ ಸಿಗುತ್ತೆ?’ ದೊಡ್ಡ ಕ್ಯಾಬಿನೆಟ್ ಇದ್ದವರಿಗೆ ಅಷ್ಟು ಸಾಕು. ಸಣ್ಣ ಡಬ್ಬದಲ್ಲಿ ಕಂಪ್ಯೂಟರ್ ಕಟ್ಟುವವರು ಈ ಎರಡನ್ನೂ ಕೊನೆಗೆ ಕೇಳಿಕೊಳ್ಳಬೇಕು. ಕಾರ್ಡು ಒಳಗೆ ಕೂರುತ್ತದೆಯೇ, ಅದಕ್ಕೆ ಬೇಕಾದ ಕರೆಂಟನ್ನು ಎಸ್‌ಎಂಪಿಎಸ್ ಕೊಡುತ್ತದೆಯೇ, ಅದು ಉಗುಳುವ ಬಿಸಿಗೆ ಹೊರಹೋಗಲು ದಾರಿ ಇದೆಯೇ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಉದ್ದನೆಯ ಪಟ್ಟಿ ನಾಲ್ಕೈದು ಮಾಡೆಲ್‌ಗೆ ಇಳಿದಿರುತ್ತದೆ. ವೇಗದ ಮಾತು ಆಮೇಲೆ. ನನಗಾಗಿ ಒಂದು, ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿರುವ ಅಕ್ಕನ ಮಗನಿಗಾಗಿ ಒಂದು, ಹೀಗೆ ಎರಡು ಸಣ್ಣ ಡಬ್ಬಗಳನ್ನು ಸಿದ್ಧ ಮಾಡಿದಾಗ ಕಲಿತದ್ದು ಇದು.

ನನಗೆ ಸಣ್ಣದೇ ಬೇಕಿತ್ತು, ಕಾರಣ ಯಕ್ಷಗಾನ. ನವೆಂಬರಿನಿಂದ ಮೇ ತಿಂಗಳವರೆಗಿನ ತಿರುಗಾಟದ ಕಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಪುತ್ತೂರಿನ ಕಡೆಗೆ ಹೋಗಿ ಆಟಗಳನ್ನು ಚಿತ್ರೀಕರಿಸುತ್ತೇನೆ. ರಾತ್ರಿ ತೆಗೆದದ್ದನ್ನು ಮರುದಿನವೇ ಊರಿನಲ್ಲಿ ಕೂತು ಎಡಿಟ್ ಮಾಡಿದರೆ ಪ್ರಸಂಗದ ನಡೆ, ಪದ್ಯ, ಅರ್ಥ ಎಲ್ಲ ಮನಸ್ಸಿನಲ್ಲಿ ಹಸಿಯಾಗಿರುತ್ತದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬ್ಯಾಗಿನೊಳಗೆ ಇಟ್ಟುಕೊಂಡು ಹೋಗುವಂಥ ಕಂಪ್ಯೂಟರ್ ಬೇಕಿತ್ತು. ಸುಮಾರು 10 ಲೀಟರಿನ ಕ್ಯಾಬಿನೆಟ್ ಆರಿಸಿದೆ. ಸಾಮಾನ್ಯ ಟವರ್ ಕ್ಯಾಬಿನೆಟ್ಟು 40–50 ಲೀಟರ್ ಇರುತ್ತದೆ.

ಇಂಥ ಡಬ್ಬಗಳಲ್ಲಿ ಕೂರುವುದು ಮಿನಿ-ಐಟಿಎಕ್ಸ್ ಮದರ್‌ಬೋರ್ಡು. ತೈವಾನಿನ ವಿಐಎ ಕಂಪನಿ 2001ರಲ್ಲಿ ತಂದ ಅಳತೆ ಇದು: ಉದ್ದ 170 ಮಿ.ಮೀ., ಅಗಲವೂ 170. ಬೋರ್ಡು ಇಷ್ಟಕ್ಕೇ ನಿಂತಿತು, ಕಾರ್ಡುಗಳು ಬೆಳೆಯುತ್ತಲೇ ಹೋದವು. 2015ರಲ್ಲಿ ಎಎಂಡಿಯ ಆರ್9 ನ್ಯಾನೊ ಸುಮಾರು 15 ಸೆಂ.ಮೀ. ಉದ್ದದಲ್ಲಿ, 175 ವ್ಯಾಟಿನಲ್ಲಿ, ಆ ಕಾಲದ ದೊಡ್ಡ ಕಾರ್ಡುಗಳಿಗೆ ಸರಿಸಾಟಿಯಾಗಿ ನಿಂತಿತ್ತು. 2022ರ ಆರ್‌ಟಿಎಕ್ಸ್ 4090 ಎನ್‌ವಿಡಿಯಾದ ಸ್ವಂತ ವಿನ್ಯಾಸದಲ್ಲೇ 304 ಮಿ.ಮೀ. ಉದ್ದ, ಮೂರು ಸ್ಲಾಟ್ ದಪ್ಪ, 450 ವ್ಯಾಟ್. ಸಣ್ಣ ಕ್ಯಾಬಿನೆಟ್ಟಿನವರ ಗೋಳು ಹೆಚ್ಚಿದ ಮೇಲೆ, 2024ರಲ್ಲಿ, ಎನ್‌ವಿಡಿಯಾ ‘ಎಸ್‌ಎಫ್‌ಎಫ್-ರೆಡಿ’ ಎಂಬ ಮಾರ್ಗಸೂಚಿ ತಂದಿತು. ಅದರ ಮಿತಿಯೂ 304 ಮಿ.ಮೀ. ಉದ್ದ, 50 ಮಿ.ಮೀ. ದಪ್ಪ. ನನ್ನ ಡಬ್ಬದಲ್ಲಿ ಕಾರ್ಡಿಗೆ ಇದ್ದ ಜಾಗ 20 ಸೆಂ.ಮೀ.ಗಿಂತ ತುಸು ಹೆಚ್ಚು. ಹಾಗಾಗಿ ಕಾರ್ಡಿನ ಪೆಟ್ಟಿಗೆಯ ಮೇಲಿನ ‘ಎಸ್‌ಎಫ್‌ಎಫ್-ರೆಡಿ’ ಮುದ್ರೆ ನನಗೆ ಏನೂ ಹೇಳಲಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ‘ಕಾಂಪ್ಯಾಕ್ಟ್’ ಎಂದು ಕೇಳಿದರೆ ಮೂರು ಬೇರೆ ಬೇರೆ ವಸ್ತುಗಳನ್ನು ತೋರಿಸುತ್ತಾರೆ. ಒಂದು ಗಿಡ್ಡ ಕಾರ್ಡು: ಒಂದೇ ಫ್ಯಾನು, ಉದ್ದ 170 ಮಿ.ಮೀ. ಆಸುಪಾಸು, ಎತ್ತರ ಮಾಮೂಲಿ. ಇನ್ನೊಂದು ಲೋ ಪ್ರೊಫೈಲ್: ಎತ್ತರ 69 ಮಿ.ಮೀ. ಒಳಗೆ, ಉದ್ದ ಎಷ್ಟಾದರೂ ಇರಬಹುದು. ಮತ್ತೊಂದು ಸಿಂಗಲ್ ಸ್ಲಾಟ್, ಅಂದರೆ ತೆಳ್ಳಗಿನದು. ಒಂದರಲ್ಲಿ ಚಿಕ್ಕದಾಗಿರುವುದು ಇನ್ನೊಂದರಲ್ಲಿ ದೊಡ್ಡದಿರುತ್ತದೆ. ಗಿಗಾಬೈಟ್‌ನ ಲೋ ಪ್ರೊಫೈಲ್ ಆರ್‌ಟಿಎಕ್ಸ್ 4060 ತೆಗೆದುಕೊಳ್ಳಿ. ಎತ್ತರ ಗಿಡ್ಡ, ಆದರೆ ಉದ್ದ 182 ಮಿ.ಮೀ., ದಪ್ಪ ಎರಡು ಸ್ಲಾಟ್, ಮೂರು ಪುಟ್ಟ ಫ್ಯಾನು, ಜೊತೆಗೆ 8 ಪಿನ್ನಿನ ಪವರ್ ಬೇರೆ. “ಸಾರ್, ಎಲ್ಲಾದಕ್ಕೂ ಕೂರುತ್ತೆ, ತಗೊಂಡೋಗಿ” ಎಂದ ಅಂಗಡಿಯ ಹುಡುಗನ ಮಾತಿನಲ್ಲಿ ಕಪಟವಿರಲಿಲ್ಲ. ಅವನು ಮನಸ್ಸಿನಲ್ಲಿಟ್ಟುಕೊಂಡದ್ದು ಎತ್ತರ ಮಾತ್ರ.

ಅಳೆಯಲು ನಾನು ನಂಬುವ ವಿಧಾನ ರಟ್ಟಿನದು. ಕಂಪನಿಯ ಜಾಲತಾಣದಲ್ಲಿ ಕೊಟ್ಟ ಉದ್ದ, ಎತ್ತರ, ದಪ್ಪಕ್ಕೆ ಸರಿಯಾಗಿ ಹಳೆ ಪೆಟ್ಟಿಗೆಯ ರಟ್ಟು ಕತ್ತರಿಸಿ, ಗಮ್ ಟೇಪು ಸುತ್ತಿ, ಕಾರ್ಡಿನ ಆಕಾರ ಮಾಡುತ್ತೇನೆ. ಪವರ್ ಕನೆಕ್ಟರ್ ಎಲ್ಲಿ ಬರುತ್ತದೋ ಅಲ್ಲಿ, ವಯರು ಬಾಗಿ ತಿರುಗಲು ಬೇಕಾಗುವಷ್ಟು, ಮೂರು ಬೆರಳಗಲದ ತುಂಡೊಂದನ್ನು ಅಂಟಿಸುತ್ತೇನೆ. ಇದನ್ನು ಡಬ್ಬದೊಳಗೆ ಇಟ್ಟು ಬಾಗಿಲು ಹಾಕಿ ನೋಡಬೇಕು. ಬಾಗಿಲು ಉಬ್ಬಿದರೆ ಆ ಕಾರ್ಡು ಬೇಡ. ಕಂಪನಿಗಳು ಕೊಡುವ ಎತ್ತರದಲ್ಲಿ ಪ್ಲಗ್ಗಿನ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ. ಕಾರ್ಡು ಕೂತು ವಯರು ಕೂರದೆ ಹೋಗುವುದು ಅಲ್ಲಿಯೇ. ವಯರನ್ನು ಬುಡದಲ್ಲೇ ಒತ್ತಿ ಬಾಗಿಸಿ ಬಾಗಿಲು ಹಾಕಿದವರನ್ನೂ ಕಂಡಿದ್ದೇನೆ. ಪಿನ್ನು ಸಡಿಲಾಗಿ ಅಲ್ಲಿ ಬಿಸಿ ಏರುತ್ತದೆ, ಹಾಗೆ ಮಾಡಲೇಬಾರದು.

ಅಕ್ಕನ ಮಗನದು ಬೇರೆ ಕತೆ. ಕಚೇರಿಯೊಂದು ಮಾರಿದ ಸೆಕೆಂಡ್ ಹ್ಯಾಂಡ್ ಸ್ಲಿಮ್ ಕಂಪ್ಯೂಟರ್ ಅವನ ಹತ್ತಿರ ಇತ್ತು. ಇಂಥವು ಅಗ್ಗ, ಗಟ್ಟಿಮುಟ್ಟು, ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದಂಥವು. ಆದರೆ ಒಳಗಿನ ಎಸ್‌ಎಂಪಿಎಸ್ ಕಂಪನಿಯದೇ ಆಕಾರದ್ದು, ಬೇರೆ ಹಾಕಲು ಬರುವುದಿಲ್ಲ, ಕಾರ್ಡಿಗೆಂದು ಪ್ರತ್ಯೇಕ ಪಿನ್ನೂ ಇಲ್ಲ. ಆಗ ಕಾರ್ಡು ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟು ಪಡೆಯಬೇಕು, ಅದರ ಮಿತಿ 75 ವ್ಯಾಟ್. ಸಾಟಾ ವಯರನ್ನು 6 ಪಿನ್ನಿಗೆ ತಿರುಗಿಸುವ ಅಡಾಪ್ಟರ್ ಮಾರುಕಟ್ಟೆಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ, ಅವನ ಗೆಳೆಯರು ಅದನ್ನೇ ಹೇಳಿದ್ದರು. ನಾನು ಖಡಾಖಂಡಿತವಾಗಿ ಬೇಡ ಎಂದೆ. ಸಾಟಾ ಕನೆಕ್ಟರಿನ 12 ವೋಲ್ಟಿನ ಪಿನ್ನುಗಳೆಲ್ಲ ಸೇರಿ ತಾಳುವುದು 54 ವ್ಯಾಟ್. 6 ಪಿನ್ನಿನ ಕಡೆಯಿಂದ ಕಾರ್ಡು 75ರವರೆಗೆ ಎಳೆಯಬಹುದು. ನಡುವಿನ ವ್ಯತ್ಯಾಸ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

75 ವ್ಯಾಟಿನೊಳಗೆ, ಲೋ ಪ್ರೊಫೈಲಿನಲ್ಲಿ ಸಿಗುವವು ಬೆರಳೆಣಿಕೆಯವು. 2019ರ ಜಿಟಿಎಕ್ಸ್ 1650ಕ್ಕೆ ವಯಸ್ಸಾಯಿತು. ಎಎಂಡಿಯ ಆರ್‌ಎಕ್ಸ್ 6400 ಬರೇ 53 ವ್ಯಾಟಿನದು, ಒಂದೇ ಸ್ಲಾಟ್ ದಪ್ಪದಲ್ಲೂ ಸಿಗುತ್ತದೆ, ನೋಡಲು ಮುದ್ದಾಗಿದೆ. ಆದರೆ ಅದು ಪಿಸಿಐಇಯ ನಾಲ್ಕೇ ಲೇನುಗಳಲ್ಲಿ ಓಡುತ್ತದೆ. ಹೊಸ 4.0 ಬೋರ್ಡಿನಲ್ಲಿ ಅಡ್ಡಿಯಿಲ್ಲ, ಹಳೆಯ ಕಚೇರಿ ಕಂಪ್ಯೂಟರುಗಳ 3.0 ಸ್ಲಾಟಿನಲ್ಲಿ ದಾರಿ ಅರ್ಧಕ್ಕರ್ಧ ಕಿರಿದಾಗಿ ವೇಗ ಎದ್ದು ಕಾಣುವಷ್ಟು ಇಳಿಯುತ್ತದೆ. ಯಾರಿಗೆ ಇಂಥ ಕಾರ್ಡು ಹೆಚ್ಚು ಬೇಕೋ ಅವರ ಹತ್ತಿರ ಇರುವುದೇ 3.0 ಬೋರ್ಡು ಎಂಬುದು ಬೇಸರದ ಸಂಗತಿ. ಮೇಲಾಗಿ ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ. ವರ್ಕ್‌ಸ್ಟೇಷನ್ ಕಾರ್ಡಾದ ಆರ್‌ಟಿಎಕ್ಸ್ ಎ2000 ಬಹಳ ಚೆನ್ನಾಗಿದೆ, 70 ವ್ಯಾಟ್, ಬಿಸಿಯನ್ನು ಹಿಂಬದಿಯಿಂದ ಹೊರಗೆ ತಳ್ಳುವ ಬ್ಲೋಯರ್ ಫ್ಯಾನು. ಬೆಲೆ ಮಾತ್ರ ವಿದ್ಯಾರ್ಥಿಯ ಕೈಗೆಟುಕದು. ಉಳಿದದ್ದು 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050. ಬ್ಲೆಂಡರಿನಲ್ಲಿ ರೆಂಡರ್ ಮಾಡುವ ಹುಡುಗನಿಗೆ ಅದೇ ಸರಿ ಎನಿಸಿತು.

ಈ ಕಾರ್ಡು ಕೊಳ್ಳುವಾಗ ಹೆಸರನ್ನು ಪೂರ್ತಿ ಓದಬೇಕು. 6 ಜಿಬಿಯದು 70 ವ್ಯಾಟ್, ಪಿನ್ ಬೇಡ. ಅದೇ ಹೆಸರಿನ 8 ಜಿಬಿಯದು 2022ರದು, 130 ವ್ಯಾಟ್, ಪಿನ್ ಬೇಕೇ ಬೇಕು. ಒಳಗಿನ ಕೋರ್‌ಗಳ ಸಂಖ್ಯೆಯೂ ಬೇರೆ: 6 ಜಿಬಿಯದರಲ್ಲಿ 2304, 8 ಜಿಬಿಯದರಲ್ಲಿ 2560. ಎರಡು ಬೇರೆ ಕಾರ್ಡುಗಳಿಗೆ ಒಂದೇ ಹೆಸರಿಟ್ಟದ್ದು ಗ್ರಾಹಕರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಸ್ಲಿಮ್ ಡಬ್ಬಗಳಲ್ಲಿ ಇನ್ನೊಂದು ಗಮನಿಸಬೇಕು: ಕೆಲವು ಮಾಡೆಲ್‌ಗಳಲ್ಲಿ ಉದ್ದನೆಯ ಸ್ಲಾಟು ಎಸ್‌ಎಂಪಿಎಸ್‌ನ ಮಗ್ಗುಲಿಗೇ ಇರುತ್ತದೆ, ಎರಡು ಸ್ಲಾಟ್ ದಪ್ಪದ ಕಾರ್ಡು ಅಲ್ಲಿ ಇಳಿಯುವುದೇ ಇಲ್ಲ. ನಮ್ಮ ಹುಡುಗನದರಲ್ಲಿ ಜಾಗವಿತ್ತು.

ಏಪ್ರಿಲ್ ಬಂತು. “ಮಾಮಾ, ಡಬ್ಬಿ ಭಾಳ ಕಾಯಾಕತ್ತದ್ರಿ, ಫ್ಯಾನ್ ಸೌಂಡ್ ಕೇಳಿ ಅವ್ವ ಬೈಲತ್ತಾಳ” ಎಂದು ಫೋನು. ಬೆಂಗಳೂರಿನಲ್ಲಿ ನಾನು ಪರೀಕ್ಷಿಸಿ ಕಳಿಸಿದಾಗ ತಣ್ಣಗಿದ್ದ ಕಾರ್ಡೇ ಅದು. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಫ್ಯಾನು ಅದೇ ವೇಗದಲ್ಲಿ ತಿರುಗುತ್ತಿದ್ದರೆ ಕೋಣೆಯ ಶಾಖ ಏರಿದಷ್ಟೇ ಕಾರ್ಡಿನ ಶಾಖವೂ ಹೆಚ್ಚುಕಡಿಮೆ ಏರುತ್ತದೆ. ಅದನ್ನು ತಡೆಯಲು ಫ್ಯಾನು ಜೋರಾಗುತ್ತದೆ. ಲೋ ಪ್ರೊಫೈಲಿನ ಪುಟ್ಟ ಫ್ಯಾನು ಅಷ್ಟೇ ಗಾಳಿ ತಳ್ಳಲು ದೊಡ್ಡದಕ್ಕಿಂತ ಎಷ್ಟೋ ವೇಗವಾಗಿ ಸುತ್ತಬೇಕು, ಅದರ ದನಿ ಕೀರಲು. ಡಬ್ಬವನ್ನು ಇಟ್ಟದ್ದೆಲ್ಲಿ ಎಂದು ಕೇಳಿದೆ. ಟಿವಿಯ ಕೆಳಗಿನ ಕಪಾಟು, ಹಿಂಬದಿ ಹಲಗೆ, ಮುಂದೆ ಗಾಜು. ಹೊರಗೆ ತಳ್ಳಿದ ಬಿಸಿಗಾಳಿಯನ್ನೇ ಅದು ಮತ್ತೆ ಒಳಗೆಳೆಯುತ್ತಿತ್ತು.

ಮೊದಲು ಮೇಜಿನ ಮೇಲೆ ತರಿಸಿದೆ. ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಸಿ ಪವರ್ ಲಿಮಿಟ್ ಇಳಿಸಿದೆವು. ಇದು ಸಣ್ಣ ಡಬ್ಬದವರೆಲ್ಲ ತಿಳಿದಿರಬೇಕಾದ ಉಪಾಯ. ಚಿಪ್ಪು ತಿನ್ನುವ ವ್ಯಾಟು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕೊನೆಯ ಚೂರು ವೇಗ ಹಿಂಡಲು ಕಂಪನಿಗಳು ವೋಲ್ಟೇಜನ್ನು ಮೇಲಕ್ಕೆ ಕೊಂಡೊಯ್ದಿರುತ್ತವೆ. ಆ ತುದಿಯಿಂದ ಸ್ವಲ್ಪ ಕೆಳಗಿಳಿದರೆ ವ್ಯಾಟು ಬಹಳ ಇಳಿಯುತ್ತದೆ, ವೇಗ ಅಷ್ಟಾಗಿ ಇಳಿಯುವುದಿಲ್ಲ. ರೆಂಡರ್ ಮುಗಿಯಲು ತುಸು ಹೆಚ್ಚು ಹೊತ್ತು ಹಿಡಿಯಿತು, ಅಕ್ಕನ ದೂರು ನಿಂತಿತು.

ನನ್ನ ಡಬ್ಬದಲ್ಲಿ ಕಾರ್ಡು ಬೋರ್ಡಿನ ಬೆನ್ನಿಗೆ ಕೂರುತ್ತದೆ, ಎರಡನ್ನೂ ಜೋಡಿಸುವುದು ರೈಸರ್ ಕೇಬಲ್. ಈ ಜೋಡಣೆಯಲ್ಲಿ ಕಾರ್ಡಿಗೆ ತನ್ನದೇ ಬದಿ, ತನ್ನದೇ ತೂತಿನ ಬಾಗಿಲು. ಹೊರಗಿನ ತಂಪುಗಾಳಿ ನೇರ ಸಿಗುತ್ತದೆ. ಇಲ್ಲಿ ತೆಳ್ಳಗಿನ ಕಾರ್ಡೇ ಮೇಲು ಎಂದು ತೋರಬಹುದು, ಹಾಗಲ್ಲ. ಫ್ಯಾನಿಗೂ ಬಾಗಿಲಿಗೂ ನಡುವೆ ಅಂತರ ಹೆಚ್ಚಿದ್ದರೆ ಬಿಸಿಗಾಳಿ ಆ ಸಂದಿನಲ್ಲೇ ಸುತ್ತಿ ಮತ್ತೆ ಫ್ಯಾನಿಗೆ ಹೋಗುತ್ತದೆ. ನನ್ನದರಲ್ಲಿ ಕಾರ್ಡಿನ ಅಂಚಿನ ಸುತ್ತ ಫೋಮಿನ ಪಟ್ಟಿ ಅಂಟಿಸಿ ಆ ಸಂದು ಮುಚ್ಚಿದ ಮೇಲೆ ಶಾಖ ಗೊತ್ತಾಗುವಷ್ಟು ಇಳಿಯಿತು. ಹಾಕಿದ್ದು 115 ವ್ಯಾಟಿನ ಆರ್‌ಟಿಎಕ್ಸ್ 4060, ಎರಡು ಫ್ಯಾನಿನದು.

ಪ್ರೊಸೆಸರ್ ಕೊಳ್ಳುವಾಗ ಅಂಗಡಿಯವರು, “ಹೇಗೂ ಕಾರ್ಡ್ ಹಾಕ್ತೀರಲ್ಲ ಸಾರ್, ಎಫ್ ಮಾಡೆಲ್ ತಗೊಳ್ಳಿ, ದುಡ್ಡು ಉಳಿಯುತ್ತೆ” ಎಂದರು. ಇಂಟೆಲ್‌ನಲ್ಲಿ ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲದ್ದು. ಗೇಮ್ ಆಡುವವರಿಗೆ ಒಳ್ಳೆಯ ಸಲಹೆಯೇ. ನನ್ನ ಕ್ಯಾಮೆರಾ 10 ಬಿಟ್, 4:2:2 ಬಣ್ಣದ ಎಚ್.265 ಕಡತ ಕೊಡುತ್ತದೆ. ಯಕ್ಷಗಾನದ ಬಣ್ಣದ ವೇಷದ ಮುಖದಲ್ಲಿ ಕೆಂಪು-ಕಪ್ಪಿನ ನಡುವೆ ಬಿಳಿ ಚುಟ್ಟಿ ಮುಳ್ಳುಮುಳ್ಳಾಗಿ ನಿಲ್ಲುವ ಅಂಚು ಕಲಸಿಹೋಗದಿರಲು ಆ ಹೆಚ್ಚಿನ ಬಣ್ಣದ ಮಾಹಿತಿ ನನಗೆ ಬೇಕೇ ಬೇಕು. ಆದರೆ ಆರ್‌ಟಿಎಕ್ಸ್ 40 ಸಾಲಿನವರೆಗಿನ ಎನ್‌ವಿಡಿಯಾ ಕಾರ್ಡುಗಳು ಇಂಥ ಕಡತವನ್ನು ಹಾರ್ಡ್‌ವೇರಿನಲ್ಲಿ ಬಿಡಿಸುವುದಿಲ್ಲ. 50ರ ಸಾಲಿನಿಂದ ಆ ಸೌಲಭ್ಯ ಬಂತು. ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ 11ನೇ ಪೀಳಿಗೆಯಿಂದಲೇ ಇದನ್ನು ಸಲೀಸಾಗಿ ಮಾಡುತ್ತದೆ. ಹಾಗಾಗಿ ಎಫ್ ಇಲ್ಲದ್ದನ್ನೇ ತೆಗೆದುಕೊಂಡೆ. ಟೈಮ್‌ಲೈನಿನಲ್ಲಿ ದೃಶ್ಯ ತಡವರಿಸದೆ ಓಡಿಸುವುದು ಅದು. ಬಣ್ಣ ತಿದ್ದುವುದು, ಕೊನೆಗೆ ಎನ್‌ಕೋಡ್ ಮಾಡುವುದು ಕಾರ್ಡು.

ಅದೇ ಒಳಗಿನ ಗ್ರಾಫಿಕ್ಸ್ ಇನ್ನೊಂದು ಕಡೆಯೂ ಕೈಹಿಡಿಯಿತು. ಕ್ಯಾಬಿನೆಟ್ಟಿನ ಜೊತೆ ಬಂದ ರೈಸರ್ ಕೇಬಲ್ ಪಿಸಿಐಇ 3.0 ಕಾಲದ್ದು, ಬೋರ್ಡು-ಕಾರ್ಡು ಎರಡೂ 4.0. ಅವೆರಡೂ 4.0ರ ವೇಗದಲ್ಲೇ ಮಾತಾಡಲು ಹೋಗಿ ಪರದೆ ಕಪ್ಪಾಗಿ ನಿಂತಿತು. ಮಾನಿಟರಿನ ವಯರನ್ನು ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿ, ಬಯೋಸಿಗೆ ಹೋಗಿ ಸ್ಲಾಟನ್ನು ‘ಜೆನ್ 3’ಕ್ಕೆ ಇಟ್ಟ ಮೇಲೆ ಎಲ್ಲ ಸರಿಹೋಯಿತು. ಎಂಟು ಲೇನಿನ ಈ ಕಾರ್ಡಿಗೆ 3.0ರಿಂದ ಆಗುವ ನಷ್ಟ ನನ್ನ ಕೆಲಸದಲ್ಲಿ ಲೆಕ್ಕಕ್ಕಿಲ್ಲ.

ಕೊಳ್ಳುವ ಹೊತ್ತಿನ ಮಾತು ಒಂದೆರಡು. ಲೋ ಪ್ರೊಫೈಲ್ ಕಾರ್ಡಾದರೆ ಪೆಟ್ಟಿಗೆಯಲ್ಲಿ ಗಿಡ್ಡ ಬ್ರಾಕೆಟ್ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ತೆರೆದು ನೋಡಿ. ಅಕ್ಕನ ಮಗನಿಗೆ ಆನ್‌ಲೈನಿನಲ್ಲಿ ತರಿಸಿದ್ದರಲ್ಲಿ ಉದ್ದನೆಯದು ಮಾತ್ರ ಇತ್ತು. ಮಾರಿದವರು ಬದಲಿ ಕಳಿಸುವವರೆಗೆ ಕಾರ್ಡು ಸುಮ್ಮನೆ ಕೂತಿತು. ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಹಾಕಿಸಿ ಜಿಪಿಯು-ಝಡ್ ಓಡಿಸಿ: ಹಳೆಯ ಚಿಪ್ಪಿಗೆ ಬಯೋಸ್ ಬದಲಿಸಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ನಕಲಿಗಳನ್ನು ಅದು ಹಿಡಿದು ತೋರಿಸುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಈಗ ಆ ಹುಡುಗನ ಸಹಪಾಠಿಯೊಬ್ಬ 145 ವ್ಯಾಟಿನ ಲೋ ಪ್ರೊಫೈಲ್ ಆರ್‌ಟಿಎಕ್ಸ್ 5060 ಹಾಕಬಹುದೇ ಎಂದು ಕೇಳಿದ್ದಾನೆ. ಡಬ್ಬದ ಬಾಗಿಲು ತೆಗೆದು ಒಳಗಿನ ಒಂದು ಫೋಟೊ, ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರಿನ ಒಂದು ಫೋಟೊ, ಡಬ್ಬವನ್ನು ಇಡುವ ಜಾಗದ ಒಂದು ಫೋಟೊ ಕಳಿಸಲು ಹೇಳಿದ್ದೇನೆ.