ಮೋಸಹೋಗದೆ ನೆರವಾಗುವ ಬಗೆ: ಕ್ರೈಸ್ತ ದಾನದ ಕ್ರಮ

ಕ್ರೈಸ್ತರಿಗೆ ದಾನವೆಂಬುದು ಮನಸ್ಸು ಬಂದಾಗ ಮಾಡುವ ಉಪಕಾರವಲ್ಲ, ಕರ್ತವ್ಯ. ಬೆಟ್ಟದ ಪ್ರಸಂಗದಲ್ಲಿ ಯೇಸುಸ್ವಾಮಿ ಕೇಳಿದವರಿಗೆ ಕೊಡುವಂತೆ ಬೋಧಿಸಿದರು. ಏನನ್ನು, ಯಾರ ಕೈಗೆ, ಎಷ್ಟು ದಿನ ಎಂಬ ವಿವರ ಆದಿಸಭೆಗೆ ಬಹುಬೇಗ ಬೇಕಾಯಿತು. ಜೆರುಸಲೇಮಿನ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಪಾಲು ಸಿಗುತ್ತಿಲ್ಲವೆಂಬ ದೂರು ಬಂದಾಗ, ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿದ ಸಂಗತಿ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಂತೂ ವಿಧವೆಯರ ಪಟ್ಟಿಗೆ ಸೇರಲು 60 ವರ್ಷ ತುಂಬಿರಬೇಕೆಂದೂ, ಮಕ್ಕಳು ಮೊಮ್ಮಕ್ಕಳಿದ್ದರೆ ಮೊದಲು ಅವರೇ ಸಾಕಬೇಕೆಂದೂ ನಿಯಮ ಹಾಕಿತು. ನಿಜವಾಗಿ ದಿಕ್ಕಿಲ್ಲದವರಿಗೆ ಸಭೆಯ ನೆರವು ಉಳಿಯಬೇಕು ಎಂಬುದೇ ಅದಕ್ಕೆ ಕಾರಣ. ವಂಚಕನ ಪಾಲಾದ ದುಡ್ಡು ಕೊಟ್ಟವರಿಗಿಂತ ಹೆಚ್ಚಾಗಿ ಇನ್ನೊಬ್ಬ ಬಡವನ ನಷ್ಟ. ವಿಚಾರಿಸಿ ಕೊಡುವುದು ಪ್ರೀತಿಯ ಕೊರತೆ ಎಂದು ಅಳುಕುವವರು ಇದನ್ನು ಗಮನಿಸಬೇಕು.

ತುರ್ತು ಯಾವುದು?

ಮೊದಲು ನೋಡಬೇಕಾದದ್ದು ಕಷ್ಟದ ಬಗೆಯನ್ನು. ಹಸಿವು, ಅಪಘಾತ, ಮನೆಯೊಳಗಿನ ಹೊಡೆತ, ರಾತ್ರಿ ತಂಗಲು ಜಾಗವಿಲ್ಲದಿರುವುದು ಇವಕ್ಕೆ ಪೂರ್ವಾಪರ ಕೇಳುತ್ತ ಕೂರುವುದು ಸಲ್ಲದು. ಊಟ, ಔಷಧಿ, ಆಸರೆ ಆ ಹೊತ್ತೇ ಸಿಗಬೇಕು. ತಿಂಗಳ ಬಾಡಿಗೆ, ಶಾಲೆಯ ಫೀಸು, ಸಾಲದ ಕಂತು ಮುಂತಾದವು ಎರಡು ದಿನ ಕಾಯಬಲ್ಲವು. ಆ ಎರಡು ದಿನ ವಿಚಾರಣೆಗೆ ಸಾಕು. ಈಗಲೇ ಕೊಡದಿದ್ದರೆ ಎಲ್ಲ ಮುಗಿಯಿತು ಎಂದು ಅವಸರಪಡಿಸುವ, ಯಾರಿಗೂ ಹೇಳಬೇಡಿ ಎಂದು ಒತ್ತಾಯಿಸುವ, ಕ್ರೈಸ್ತರಾಗಿ ಇಷ್ಟೂ ಮಾಡುವುದಿಲ್ಲವೇ ಎಂದು ಚುಚ್ಚುವ ಮಾತು ಕೇಳಿಬಂದರೆ ಹೆಚ್ಚು ಎಚ್ಚರ ಬೇಕು.

ಲೂಕನ ಸುವಾರ್ತೆಯ ಒಳ್ಳೆಯ ಸಮಾರ್ಯದವನ ಸಾಮತಿಯನ್ನು ಈ ದೃಷ್ಟಿಯಿಂದ ಓದುವುದು ಕಡಿಮೆ. ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನ ಊರು, ಕುಲ ಯಾವುದೆಂದು ಸಮಾರ್ಯದವನು ಕೇಳಲಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ. ಮರುದಿನ ಎರಡು ದಿನಾರಿ, ಅಂದರೆ ಆ ಕಾಲದ ಎರಡು ದಿನದ ಕೂಲಿ, ಕೊಟ್ಟದ್ದು ಛತ್ರದವನ ಕೈಗೆ. ಹೆಚ್ಚು ಖರ್ಚಾದರೆ ಹಿಂತಿರುಗಿದಾಗ ಕೊಡುವುದಾಗಿ ಹೇಳಿ ತನ್ನ ಪ್ರಯಾಣ ಮುಂದುವರಿಸಿದ. ತಕ್ಷಣದ ಆರೈಕೆ, ಗೊತ್ತಾದ ಮೊತ್ತ, ಖರ್ಚಾಗುವ ಕಡೆಗೇ ಪಾವತಿ, ಮತ್ತೆ ಬಂದು ನೋಡುವ ಮಾತು: ದಾನಿಗೆ ಬೇಕಾದ ಕ್ರಮವೆಲ್ಲ ಇದರಲ್ಲಿದೆ.

ಮನೆಗೆ ಹೋಗುವುದು

ವಿಚಾರಣೆಗೆ ಅತ್ಯುತ್ತಮ ದಾರಿ ಕೇಳಿದವರ ಮನೆಗೆ ಹೋಗುವುದು. 1833ರಲ್ಲಿ ಪ್ಯಾರಿಸ್ಸಿನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಮ್ ಗೆಳೆಯರೊಂದಿಗೆ ಕಟ್ಟಿದ ಸಂತ ವಿನ್ಸೆಂಟ್ ಡಿ ಪೌಲ್ ಸೊಸೈಟಿ ಈ ಪದ್ಧತಿಯ ಮೇಲೆಯೇ ನಿಂತಿದೆ. ಮುಫ್ತಾರ್ ಬೀದಿಯ ಬಡವರ ಕೇರಿಯಲ್ಲಿ ದುಡಿಯುತ್ತಿದ್ದ ಕನ್ಯಾಸ್ತ್ರೀ ರೊಸಾಲಿ ರಾಂದು ಈ ಯುವಕರಿಗೆ ಬಡ ಕುಟುಂಬಗಳ ಪರಿಚಯ ಮಾಡಿಸಿ ಕೆಲಸ ಕಲಿಸಿದರು. ಇಂದು ಮಂಗಳೂರು, ಉಡುಪಿ ಧರ್ಮಪ್ರಾಂತ್ಯಗಳ ಅನೇಕ ಚರ್ಚುಗಳಲ್ಲಿ ಈ ಸೊಸೈಟಿಯ ಘಟಕಗಳಿವೆ.

ಭೇಟಿಗೆ ಇಬ್ಬರು ಹೋಗಬೇಕು. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಕಾಣುತ್ತದೆ. ಮುಂದೆ ಆರೋಪ ಬಂದರೆ ಸಾಕ್ಷಿಯೂ ಇರುತ್ತದೆ. ಮನೆಯಲ್ಲಿ ದುಡಿಯುವವರೆಷ್ಟು, ಕಾಯಿಲೆಯವರು ಯಾರು, ಪಡಿತರ ಚೀಟಿ ಇದೆಯೇ, ಪಿಂಚಣಿ ಬರುತ್ತಿದೆಯೇ ಎಂಬುದನ್ನು ಕುಳಿತು ಮಾತಾಡುತ್ತ ತಿಳಿಯಬೇಕು. ಪಾತ್ರೆ ತೆರೆದು ನೋಡುವುದು, ಫೋಟೊ ತೆಗೆಯುವುದು ಕೂಡದು. ಎಷ್ಟೋ ಸಲ ಬಾಯಲ್ಲಿ ಕೇಳಿದ ಬೇಡಿಕೆ ಒಂದು, ಮನೆಯಲ್ಲಿ ಕಾಣುವ ಅಗತ್ಯವೇ ಇನ್ನೊಂದು ಆಗಿರುತ್ತದೆ. ಕೇಳಲು ನಾಚಿ ಸುಮ್ಮನಿರುವ ನೆರೆಮನೆಯ ಬಡವರ ಕಷ್ಟ ಗೊತ್ತಾಗುವುದೂ ಇಂಥ ಭೇಟಿಗಳಲ್ಲೇ.

ಹಣ ಯಾರ ಕೈಗೆ?

ಆದಷ್ಟೂ ನಗದು ಬೇಡ. ಫೀಸು ಶಾಲೆಗೆ, ಬಾಡಿಗೆ ಮನೆ ಮಾಲೀಕರಿಗೆ, ಔಷಧಿಯ ಬಿಲ್ಲು ಅಂಗಡಿಗೆ ಕಟ್ಟಿ ರಸೀದಿ ಪಡೆಯಬೇಕು. ದೊಡ್ಡ ಚಿಕಿತ್ಸೆಯಾದರೆ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಾಗಿ ಹೋಗುವುದು ಕೂಡ ದಾನವೇ. ವಾಟ್ಸ್ಆ್ಯಪ್‌ನಲ್ಲಿ ಮಗುವಿನ ಚಿತ್ರ, ಕ್ಯೂಆರ್ ಕೋಡ್ ಜೊತೆ ಬರುವ ಮನವಿಗೆ ಹಣ ಕಳಿಸುವ ಮುನ್ನ ಆಸ್ಪತ್ರೆಗೆ ಕರೆ ಮಾಡಬೇಕು. ಸಂದೇಶದಲ್ಲಿರುವ ನಂಬರಿಗಲ್ಲ, ತಾವೇ ಹುಡುಕಿದ ನಂಬರಿಗೆ. ಮೋಸವಾಗಿದೆಯೆಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು.

ಎಷ್ಟು ದಿನ?

ಆದಿಸಭೆಯ ಕೈಪಿಡಿಯಾದ ಡಿಡಾಖೆ ಊರಿಗೆ ಬಂದ ಪ್ರಯಾಣಿಕನಿಗೆ ಎರಡು, ಬೇಕಾದರೆ ಮೂರು ದಿನದ ಆಶ್ರಯ ಹೇಳುತ್ತದೆ. ಅಲ್ಲೇ ನೆಲೆಸಬೇಕೆಂದರೆ ಕಸುಬು ಬಲ್ಲವನು ದುಡಿದು ಉಣ್ಣಬೇಕು. ಕಸುಬಿಲ್ಲದವನಿಗೆ ಸಭೆ ದಾರಿ ಹುಡುಕಬೇಕು. ದುಡಿಯದವನಿಗೆ ಊಟವಿಲ್ಲ ಎಂದು ಥೆಸಲೊನೀಕದ ಪತ್ರಿಕೆಯ ಹೆಸರಲ್ಲಿ ಬಡವರನ್ನು ಗದರುವವರು, ಆ ಮಾತು ದುಡಿಯಲು ಮನಸ್ಸಿಲ್ಲದವರಿಗೆ ಹೇಳಿದ್ದು, ಕೈಲಾಗದವರಿಗಲ್ಲ ಎಂಬುದನ್ನು ಮರೆಯುತ್ತಾರೆ.

ಕೆಲಸ ಹುಡುಕಿಕೊಡುವ ಹೊಣೆಯನ್ನು ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಗಂಭೀರವಾಗಿ ತೆಗೆದುಕೊಂಡಿತು. ಮತಾಂತರದಿಂದಾಗಿ ಜೀವನೋಪಾಯ ಕಳೆದುಕೊಂಡವರಿಗೆ ದುಡಿಮೆ ಬೇಕಿತ್ತು. ನೇಯ್ಗೆ ಶಾಲೆ, ಮುದ್ರಣಾಲಯಗಳಲ್ಲಿ ಅದು ಸಿಕ್ಕಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯೂ ಆರಂಭವಾಯಿತು. ಒಂದು ಕುಟುಂಬದ ಮಟ್ಟದಲ್ಲಿ ಇದೇ ಕೆಲಸ ಹೊಲಿಗೆ ಯಂತ್ರ ಕೊಡಿಸುವುದೋ ಡ್ರೈವಿಂಗ್ ಲೈಸೆನ್ಸಿನ ಖರ್ಚು ಹೊರುವುದೋ ಆಗಬಹುದು. ತಿಂಗಳ ನೆರವಾದರೆ ಮೂರು ತಿಂಗಳಿಗೆಂದು ಮೊದಲೇ ತಿಳಿಸಿ, ಆಮೇಲೆ ಮನೆಯವರೊಡನೆ ಕುಳಿತು ಪುನಃ ಯೋಚಿಸುವುದು ಸರಿ. ವೃದ್ಧರಿಗೆ, ಅಂಗವಿಕಲರಿಗೆ ಈ ಅವಧಿ ಅನ್ವಯಿಸಬಾರದು. ಸಾಲವೆಂದು ಕೇಳಿದಾಗ, ಹೋದರೂ ಪರವಾಗಿಲ್ಲ ಎನ್ನುವಷ್ಟನ್ನೇ ಕೊಡಬೇಕು.

ಲೆಕ್ಕ ಮತ್ತು ನಿರಾಕರಣೆ

ಯಾರಿಗೆ, ಯಾವಾಗ, ಏನು ಎಂಬ ಪುಸ್ತಕ ಚರ್ಚಿನಲ್ಲಿ ಇರಲೇಬೇಕು. ಹಣ ತೆಗೆಯಲು ಇಬ್ಬರ ಸಹಿ ಬೇಕು. ಪಡೆದವರ ಹೆಸರು ಮಾತ್ರ ಆ ಪುಸ್ತಕ ದಾಟಬಾರದು. ಇಲ್ಲವೆನ್ನಬೇಕಾದಾಗ ಸುಳ್ಳು ನೆಪ ಹೇಳಿ ಅಲೆದಾಡಿಸದೆ ಅಂದೇ ತಿಳಿಸಿ, ಬೇರೆ ದಾರಿಯಿದ್ದರೆ ತೋರಿಸಬೇಕು.

ಸುಳ್ಳು ಹೇಳಿ ಹಣ ಪಡೆದದ್ದು ಗೊತ್ತಾದರೆ ಬೀದಿಯಲ್ಲಿ ಹಂಗಿಸಬಾರದು. ಒಬ್ಬರೇ ಇರುವಾಗ ನೇರವಾಗಿ ಕೇಳಿ, ನಗದು ಕೊಡುವುದನ್ನು ನಿಲ್ಲಿಸಬೇಕು. ಹಂಚಿಕೆಯ ಹೊಣೆ ಹೊತ್ತ ಉಳಿದವರಿಗೆ ನಡೆದಷ್ಟನ್ನೇ ತಿಳಿಸಬೇಕು. ಕುಡಿತಕ್ಕೆ ದುಡ್ಡು ಹಾಕುವವನ ಮನೆಯಲ್ಲಿ ಮಕ್ಕಳಿದ್ದರೆ ಅವರ ಅಕ್ಕಿಯೂ ಫೀಸೂ ಮುಂಚಿನಂತೆ ಅಂಗಡಿಗೆ, ಶಾಲೆಗೆ ಸಂದಾಯವಾಗುತ್ತಿರಬೇಕು.