ಗಾಲ್ಫ್ ಬೀಸಿನ ಬಲ ಎಲ್ಲಿಂದ?

ಗಾಲ್ಫ್ ಆಟದಲ್ಲಿ ಕೋಲಿನ ತಲೆಯೂ ಚೆಂಡೂ ಒಂದನ್ನೊಂದು ಮುಟ್ಟಿಕೊಂಡಿರುವ ಕಾಲವೆಷ್ಟು? ಆಟಗಾರರನ್ನು ಕೇಳಿದರೆ ಕೆಲವರು ಸೆಕೆಂಡಿನ ಹತ್ತನೆಯ ಒಂದು ಭಾಗವೆಂದಾರು. ಇನ್ನೂ ಸ್ವಲ್ಪ ಯೋಚಿಸಿದವರು ನೂರನೆಯ ಒಂದು ಭಾಗವೆಂದಾರು. ವಾಸ್ತವವಾಗಿ ಅದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಇಷ್ಟು ಅಲ್ಪಾವಧಿಯಲ್ಲಿ, ನಿಶ್ಚಲವಾಗಿದ್ದ ಚೆಂಡು, ಹೊಡೆದವನು ನುರಿತವನಾದರೆ, ಸೆಕೆಂಡಿಗೆ ೭೫ ಮೀಟರ್ ವೇಗವನ್ನು ಪಡೆದು ಹೊರಟುಬಿಡುತ್ತದೆ. ಚೆಂಡಿನ ದ್ರವ್ಯರಾಶಿ ೪೫.೯೩ ಗ್ರಾಮನ್ನು ಮೀರಕೂಡದೆಂದು ಆಟದ ನಿಯಮವುಂಟು. ಇಷ್ಟು ತಿಳಿದಮೇಲೆ ಬಲವನ್ನು ಲೆಕ್ಕಹಾಕುವುದು ಕಷ್ಟವಲ್ಲ. ಸಂವೇಗದ ಬದಲಾವಣೆಯನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಬಲ ಸುಮಾರು ೭೦೦೦ ನ್ಯೂಟನ್ ಎಂದು ಬರುತ್ತದೆ. ಎಂದರೆ, ಏಳುನೂರು ಕಿಲೋಗ್ರಾಮ್ ಭಾರವನ್ನು ಚೆಂಡಿನ ಮೇಲೆ ಹೇರಿ, ಕಣ್ಣು ಮಿಟುಕಿಸುವುದಕ್ಕೂ ಬಹಳ ಮೊದಲೇ ಅದನ್ನು ತೆಗೆದುಬಿಟ್ಟಂತೆ. ಆ ಕ್ಷಣದಲ್ಲಿ ಚೆಂಡು ಅಪ್ಪಚ್ಚಿಯಾಗಿ ಮತ್ತೆ ಉಬ್ಬುತ್ತದೆ.

ಈ ಒಂದು ಸಂಗತಿಯಿಂದಲೇ ಎಷ್ಟೋ ಭ್ರಮೆಗಳು ಹರಿಯುತ್ತವೆ. ಅಂಗೈಗೆ ಪೆಟ್ಟಿನ ಅರಿವಾಗಿ, ಅದು ನರಗಳ ಮೂಲಕ ಮೆದುಳಿಗೆ ಹೋಗಿ, ಅಲ್ಲಿಂದ ಆಜ್ಞೆ ಹಿಂದಿರುಗಿ ಸ್ನಾಯು ಕೆಲಸಮಾಡಬೇಕಾದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಚೆಂಡು ಏಳು ಮೀಟರ್ ಆಚೆಗಿರುತ್ತದೆ. ಆದ್ದರಿಂದ ಚೆಂಡನ್ನು ಮುಟ್ಟಿದಮೇಲೆ ಅದನ್ನು ಇನ್ನಷ್ಟು ತಳ್ಳುವೆನೆಂಬುದು ಆಗದ ಮಾತು. ಹೊಡೆತವಾದ ಬಳಿಕ ಕೋಲು ಭುಜದ ಮೇಲಕ್ಕೆ ಅಂದವಾಗಿ ಸುತ್ತಿಕೊಳ್ಳಬೇಕೆಂದು ಶಿಕ್ಷಕರು ಹೇಳುವುದುಂಟು. ಅದು ಸರಿಯೇ, ಆದರೆ ಆ ಅಂದ ಹಿಂದೆ ನಡೆದದ್ದಕ್ಕೆ ಸಾಕ್ಷಿಯೇ ಹೊರತು ಚೆಂಡಿಗೆ ಅದರಿಂದ ಏನೂ ಆಗಬೇಕಾದುದಿಲ್ಲ. ಮಾಡಬೇಕಾದುದನ್ನೆಲ್ಲ ಮೊದಲೇ ಮಾಡಿ ಮುಗಿಸಿರಬೇಕು.

ಮಾಡಬೇಕಾದುದೆಂದರೆ ಏನು? ಡ್ರೈವರ್ ಎಂಬ ಉದ್ದನೆಯ ಕೋಲಿನ ತಲೆ ಸುಮಾರು ೨೦೦ ಗ್ರಾಮ್ ತೂಗುತ್ತದೆ. ಅದು ಸೆಕೆಂಡಿಗೆ ೫೦ ಮೀಟರ್ ವೇಗದಿಂದ ಬಂದು ಬಡಿದರೆ ಚೆಂಡು ಅದರ ಒಂದೂವರೆ ಪಟ್ಟು ವೇಗದಿಂದ ಹೊರಡುತ್ತದೆ. ಹೆಚ್ಚು ತೂಕದ ತಲೆಯಿಂದ ಹೊಡೆದರೆ ಇನ್ನೂ ಮೇಲಲ್ಲವೇ ಎಂದು ವಾಚಕರು ಕೇಳಬಹುದು. ಸಂವೇಗ ಸಂರಕ್ಷಣೆಯ ನಿಯಮವನ್ನು ಅನ್ವಯಿಸಿ ನೋಡಿದರೆ, ತಲೆಯ ದ್ರವ್ಯರಾಶಿಯನ್ನು ಇಮ್ಮಡಿ ಮಾಡಿದರೂ ಚೆಂಡಿನ ವೇಗ ಹೆಚ್ಚುವುದು ನೂರಕ್ಕೆ ಹತ್ತು ಪಾಲು ಮಾತ್ರ. ಅದೂ ಆ ಭಾರದ ತಲೆಯನ್ನು ಮೊದಲಿನ ವೇಗದಲ್ಲೇ ಬೀಸಬಲ್ಲೆವಾದರೆ. ಹಾಗೆ ಬೀಸಲು ಎರಡರಷ್ಟು ಚಲನಶಕ್ತಿ ಬೇಕು. ಅದೇ ಹತ್ತು ಪಾಲಿನ ಲಾಭವನ್ನು ಹಳೆಯ ತಲೆಯ ವೇಗವನ್ನು ಹೆಚ್ಚಿಸಿ ಪಡೆಯುವುದಾದರೆ ನೂರಕ್ಕೆ ಇಪ್ಪತ್ತೊಂದು ಪಾಲು ಹೆಚ್ಚಿನ ಶಕ್ತಿ ಸಾಕು. ವ್ಯಾಪಾರದಲ್ಲಿ ಯಾವುದು ಲಾಭವೆಂದು ಹೇಳಬೇಕಾಗಿಲ್ಲ. ಆದ್ದರಿಂದ ಗಾಲ್ಫ್ ಆಟಗಾರನು ಅರಸಬೇಕಾದುದು ಕೋಲಿನ ತಲೆಯ ವೇಗವನ್ನು. ಒಳ್ಳೆಯ ಹೊಡೆತದಲ್ಲಿ ತಲೆಯ ವೇಗ ಸೆಕೆಂಡಿಗೆ ಒಂದು ಮೀಟರ್ ಹೆಚ್ಚಿದರೆ ಚೆಂಡು ಸುಮಾರು ಐದು ಮೀಟರ್ ಮುಂದೆ ಹೋಗಿ ಬೀಳುತ್ತದೆ.

ನಮ್ಮ ಮಿತ್ರರೊಬ್ಬರು ಐವತ್ತು ದಾಟಿದವರು, ಗಟ್ಟಿಮುಟ್ಟಾದ ತೋಳುಳ್ಳವರು. ಒಂದು ದಿನ ಬೇಸರದಿಂದ, “ಅಲ್ಲ ಮೇಷ್ಟ್ರೇ, ನನ್ನ ಚೀಲ ಹೊರುವ ಹುಡುಗನ ತೋಳು ನನ್ನ ಮಣಿಕಟ್ಟಿನಷ್ಟು ದಪ್ಪವಿಲ್ಲ. ಅವನು ಹೊಡೆದರೆ ಚೆಂಡು ನನ್ನದಕ್ಕಿಂತ ನಲವತ್ತು ಗಜ ಮುಂದೆ ಬೀಳುತ್ತದೆ. ಇದಕ್ಕೆ ನಿಮ್ಮ ಭೌತವಿಜ್ಞಾನ ಏನು ಹೇಳುತ್ತದೆ?” ಎಂದು ಕೇಳಿದರು. ಪ್ರಶ್ನೆ ಹೊಸದೇನಲ್ಲ. ೧೮೭೬ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಹಳೆಯ ಮೈದಾನಗಳಿರುವ ನಮ್ಮ ನಾಡಿನಲ್ಲಿ, ಪರರ ಕೋಲುಗಳನ್ನು ಹೊರುತ್ತಲೇ ಆಟವನ್ನು ಕಣ್ಣಿನಿಂದ ಕಲಿತವರು ಅನೇಕರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು ೨೦೦೯ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. ಹಾಗಾದರೆ ತೋಳಿನ ದಪ್ಪದಲ್ಲಿಲ್ಲದ ಬಲ ಎಲ್ಲಿಂದ ಬರುತ್ತದೆ?

ಮೊದಲು ಬೇಕಾದ ಶಕ್ತಿಯೆಷ್ಟೆಂದು ನೋಡೋಣ. ೨೦೦ ಗ್ರಾಮಿನ ತಲೆ ಸೆಕೆಂಡಿಗೆ ೫೦ ಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ೨೫೦ ಜೂಲ್. ಕೋಲು ಮೇಲಿನಿಂದ ಇಳಿದು ಚೆಂಡನ್ನು ತಲಪಲು ಹಿಡಿಯುವ ಕಾಲ ಸುಮಾರು ಕಾಲು ಸೆಕೆಂಡು. ಅಂದಮೇಲೆ ತಲೆಯೊಂದಕ್ಕೇ ಸೆಕೆಂಡಿಗೆ ಸಾವಿರ ಜೂಲ್ ದರದಲ್ಲಿ, ಒಂದು ಕುದುರೆಬಲಕ್ಕೂ ಮೀರಿ, ಶಕ್ತಿಯನ್ನು ಒದಗಿಸಬೇಕು. ಕೋಲಿನ ದಂಡ, ತೋಳುಗಳು, ತಿರುಗುವ ಮುಂಡ ಇವುಗಳ ಪಾಲನ್ನೂ ಕೂಡಿಸಿದರೆ ಮೊತ್ತ ಇನ್ನೂ ಎಷ್ಟೋ ದೊಡ್ಡದು. ತೋಳಿನ ಸ್ನಾಯುಗಳು, ಅವು ಪೈಲ್ವಾನನವೇ ಆಗಿರಲಿ, ಇಷ್ಟನ್ನು ಒದಗಿಸಲಾರವು. ಬ್ರಿಟನ್ನಿನಲ್ಲಿ ಈ ವಿಷಯವನ್ನು ವ್ಯವಸ್ಥಿತವಾಗಿ ಪರಿಶೋಧಿಸಿ, ೧೯೬೮ರಲ್ಲಿ ಫಲಿತಾಂಶಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಇದೇ ತೀರ್ಮಾನಕ್ಕೆ ಬಂದರು: ಬೀಸಿನ ಇಂಜಿನ್ನು ಇರುವುದು ತೊಡೆ, ನಿತಂಬ ಮತ್ತು ನಡುವಿನ ದೊಡ್ಡ ಸ್ನಾಯುಗಳಲ್ಲಿ. ತೋಳುಗಳು ಆ ಶಕ್ತಿಯನ್ನು ಸಾಗಿಸುವ ಸಾಧನಗಳು.

ಸಾಗಣೆಯ ಕ್ರಮವೇ ಈ ಆಟದ ಅತ್ಯಂತ ಸ್ವಾರಸ್ಯವಾದ ಭಾಗ. ತರಗತಿಯಲ್ಲಿ ನಾವು ಜೋಡಿ ಲೋಲಕವೆಂಬ ಒಂದು ಉಪಕರಣವನ್ನು ತೋರಿಸುತ್ತೇವೆ. ಒಂದು ಸರಳಿನ ತುದಿಗೆ ಕೀಲಿನಿಂದ ಇನ್ನೊಂದು ಸರಳನ್ನು ತೂಗುಹಾಕಿದರೆ ಆಯಿತು. ಗಾಲ್ಫ್ ಆಟಗಾರನಲ್ಲಿ ಮೊದಲ ಸರಳು ತೋಳು, ಎರಡನೆಯದು ಕೋಲು, ನಡುವಣ ಕೀಲು ಮಣಿಕಟ್ಟು. ಕೋಲನ್ನು ಹಿಂದಕ್ಕೆ ಎತ್ತಿದಾಗ ತೋಳಿಗೂ ಕೋಲಿಗೂ ನಡುವೆ ಹೆಚ್ಚುಕಡಿಮೆ ಲಂಬಕೋನವಿರುತ್ತದೆ. ಇಳಿಬೀಸಿನ ಮೊದಲ ಭಾಗದಲ್ಲಿ ಈ ಕೋನ ಹಾಗೆಯೇ ಉಳಿಯಬೇಕು. ಕೋಲು ಮಡಿಸಿಕೊಂಡಿರುವವರೆಗೆ ಅದರ ತಲೆ ತಿರುಗುವ ಕೇಂದ್ರಕ್ಕೆ ಹತ್ತಿರವಿರುತ್ತದೆ. ಜಡತ್ವದ ಮಹತ್ತ್ವ ಕಡಮೆಯಾದುದರಿಂದ ದೇಹ ಅದನ್ನು ಸುಲಭವಾಗಿ ತಿರುಗಿಸಬಲ್ಲುದು. ಅರ್ಧ ದಾರಿ ಇಳಿದಮೇಲೆ, ಯಾರೂ ಬಿಚ್ಚದೆಯೇ, ತಿರುಗುವ ವೇಗದಿಂದಲೇ ಕೋಲು ಹೊರಕ್ಕೆ ಚಿಮ್ಮುತ್ತದೆ. ಆಗ ಒಂದು ವಿಚಿತ್ರ ನಡೆಯುತ್ತದೆ: ಕೋಲಿನ ತಲೆಯ ವೇಗ ಏರುತ್ತಿರುವಾಗಲೇ ಕೈಗಳ ವೇಗ ಇಳಿಯುತ್ತದೆ. ಕೈಯ ಶಕ್ತಿ ಕೋಲಿಗೆ ವರ್ಗವಾಗುತ್ತಿದೆಯೆಂಬುದಕ್ಕೆ ಇದೇ ಗುರುತು. ಗಾಡಿ ಹೊಡೆಯುವವನು ಬಾರುಕೋಲನ್ನು ಬೀಸಿ ಕೈಯನ್ನು ತಟ್ಟನೆ ತಡೆದಾಗ ಬಾರಿನ ತುದಿ ಛಟೀರೆನ್ನುವುದೂ ಇದೇ ಬಗೆಯ ವರ್ಗಾವಣೆಯಿಂದ.

ಕೆಳಗಿನಿಂದಲೂ ಕ್ರಮ ಇದೇ. ಮೊದಲು ಪಾದಗಳು ನೆಲವನ್ನೊತ್ತುತ್ತವೆ. ನೆಲದ ಪ್ರತಿಕ್ರಿಯೆಯಿಂದ ಕಟಿಪ್ರದೇಶ ತಿರುಗುತ್ತದೆ. ಅನಂತರ ಎದೆ, ಆಮೇಲೆ ತೋಳು, ಕಟ್ಟಕಡೆಗೆ ಕೋಲು. ನುರಿತವರಲ್ಲಿ ಭುಜಗಳು ಇನ್ನೂ ಹಿಂದಕ್ಕೆ ಸುತ್ತಿಕೊಳ್ಳುತ್ತಿರುವಾಗಲೇ ಕಟಿ ಮುಂದಕ್ಕೆ ತಿರುಗಲು ಆರಂಭಿಸಿರುತ್ತದೆ. ಇದರಿಂದ ನಡುವಿನ ಸ್ನಾಯುಗಳು ಹಿಗ್ಗಿ, ಹಿಗ್ಗಿದ ಸ್ನಾಯು ಹೆಚ್ಚು ಬಲದಿಂದ ಕುಗ್ಗುತ್ತದೆ. ನಮ್ಮ ಮಿತ್ರರು ಮಾಡುತ್ತಿದ್ದುದು ಇದಕ್ಕೆ ತೀರ ವಿರುದ್ಧ. ಕೋಲನ್ನು ಕತ್ತು ಹಿಸುಕುವಂತೆ ಹಿಡಿದು, ಮೇಲಿನಿಂದಲೇ ಮಣಿಕಟ್ಟನ್ನು ಬಿಚ್ಚಿ, ತೋಳಿನಿಂದ ಎಳೆಯುತ್ತಿದ್ದರು. ಕೋಲು ಮೊದಲೇ ಚಾಚಿಕೊಂಡು ಭಾರವಾಗಿ, ದೇಹಕ್ಕೆ ಅದನ್ನು ತಿರುಗಿಸುವುದೇ ದುಸ್ತರವಾಗುತ್ತಿತ್ತು. ಹುಡುಗನು ಲೋಲಕದ ನಿಯಮವನ್ನು ಕೇಳಿದವನಲ್ಲ. ಆದರೆ ಅವನ ಹಿಡಿತ ಸಡಿಲ, ನಡು ಬಳುಕುವಂಥದು.

ಇಲ್ಲಿ ದೇಹಸ್ಥಿತಿಯ ಮಾತು ಬರುತ್ತದೆ. ಇದು ಕೇವಲ ನಲವತ್ತು ಗಜದ ಪ್ರಶ್ನೆಯಲ್ಲ. ಬೆನ್ನೆಲುಬಿನಲ್ಲಿ ಸೊಂಟದ ಭಾಗದ ಕೀಲುಗಳು ಬಗ್ಗುವುದಕ್ಕೆ ತಕ್ಕವು, ತಿರುಚುವುದಕ್ಕಲ್ಲ. ಅಲ್ಲಿಯ ಒಂದೊಂದು ಕೀಲು ಒಂದೊಂದು ಕಡೆಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ತಿರುಗಲಾರದು. ಬೀಸಿಗೆ ಬೇಕಾದ ತಿರುವನ್ನು ಕೆಳಗೆ ತೊಡೆಯ ಕೀಲುಗಳೂ ಮೇಲೆ ಎದೆಯ ಭಾಗದ ಬೆನ್ನೆಲುಬೂ ಒದಗಿಸಬೇಕು. ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಇವೆರಡೂ ಬಿಗಿದುಕೊಂಡವನು ಭಾನುವಾರ ಬೆಳಗ್ಗೆ ಮೈದಾನಕ್ಕಿಳಿದು ಪೂರ್ತಿ ಬಲದಿಂದ ಬೀಸಿದರೆ, ತಿರುಗಲಾರದ ಸೊಂಟವನ್ನೇ ತಿರುಚಿದಂತಾಗುತ್ತದೆ. ಗಾಲ್ಫ್ ಆಟಗಾರರನ್ನು ಅತಿ ಹೆಚ್ಚಾಗಿ ಕಾಡುವ ವ್ಯಥೆ ಸೊಂಟನೋವೇ. ಹಿಡಿತವನ್ನು ಬಿಗಿದು ಹೊಡೆಯುವವರಿಗೆ ಮೊಣಕೈಯ ಒಳಮಗ್ಗುಲಿನ ನೋವೂ ಕೂಡಿಕೊಳ್ಳುತ್ತದೆ. ಚೆಂಡನ್ನು ಹೊಡೆಯುವ ಹೊತ್ತಿನಲ್ಲಿ ಕೋಲಿನ ತಲೆಯನ್ನು ವೃತ್ತದಲ್ಲಿ ಹಿಡಿದಿಡಲು ಕೈಗಳು ಮೂವತ್ತು ಕಿಲೋಗ್ರಾಮ್ ಭಾರಕ್ಕೂ ಮೀರಿದ ಬಲದಿಂದ ಒಳಕ್ಕೆ ಎಳೆಯಬೇಕಾಗುತ್ತದೆಂಬುದನ್ನು ನೆನೆದರೆ, ಸಿದ್ಧತೆಯಿಲ್ಲದ ಮೈಗೆ ಏನಾಗಬಹುದೆಂಬುದು ತಿಳಿದೀತು.

ಸಿದ್ಧತೆಗೆ ಯಂತ್ರಗಳೇನೂ ಬೇಕಾಗಿಲ್ಲ. ತೊಡೆಗೂ ನಿತಂಬಕ್ಕೂ ಗರಡಿಮನೆಯ ಬಸ್ಕಿಯೇ ಸಾಕು. ನೆಲದ ಮೇಲೆ ಅಂಗಾತ ಮಲಗಿ ಮೊಳಕಾಲು ಮಡಿಸಿ ಸೊಂಟವನ್ನು ಮೇಲೆತ್ತಿ ಹಿಡಿಯುವುದು, ಒಂದು ಮಗ್ಗುಲಾಗಿ ಮಲಗಿ ಮೇಲಿನ ತೋಳನ್ನು ಹಿಂದಕ್ಕೆ ತೆರೆದು ಎದೆಯನ್ನು ತಿರುಗಿಸುವುದು, ಇವು ನಡುವನ್ನು ಗಟ್ಟಿಯಾಗಿಯೂ ಸಡಿಲವಾಗಿಯೂ ಇಡುತ್ತವೆ. ವಾರಕ್ಕೆ ಎರಡು ಮೂರು ದಿನ ತಪ್ಪದೆ ಮಾಡಿದರೆ ಕೆಲವು ತಿಂಗಳಲ್ಲಿ ಬೀಸಿನಲ್ಲಿ ವ್ಯತ್ಯಾಸ ಕಾಣುತ್ತದೆ. ಮೊದಲ ಹೊಡೆತಕ್ಕೆ ಮುಂಚೆ ಹತ್ತು ನಿಮಿಷ ಬಿರುಸಾಗಿ ನಡೆದು, ಅರ್ಧ ಬೀಸಿನಿಂದ ಆರಂಭಿಸಿ ಕ್ರಮೇಣ ಪೂರ್ತಿ ಬೀಸಿಗೆ ಏರಬೇಕು. ಈಗಾಗಲೇ ಸೊಂಟನೋವಿರುವವರು ವೈದ್ಯರನ್ನು ಕೇಳದೆ ಇದಾವುದಕ್ಕೂ ಕೈಹಾಕಬಾರದು. ಹದಿನೆಂಟು ಕುಳಿಗಳ ಆಟವನ್ನು ನಡೆದೇ ಆಡಿದರೆ ಎಂಟು ಹತ್ತು ಕಿಲೋಮೀಟರ್ ನಡಿಗೆಯಾಗುತ್ತದೆ. ಸ್ವೀಡನ್ನಿನಲ್ಲಿ ಮೂರು ಲಕ್ಷ ಗಾಲ್ಫ್ ಆಟಗಾರರ ದಾಖಲೆಗಳನ್ನು ಪರಿಶೀಲಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅದೇ ವಯಸ್ಸಿನ ಇತರರಿಗಿಂತ ಇವರ ಮರಣದ ಪ್ರಮಾಣ ನೂರಕ್ಕೆ ನಲವತ್ತರಷ್ಟು ಕಡಮೆಯೆಂದು ಕಂಡುಬಂತು. ಆರೋಗ್ಯವಂತರೇ ಆಟಕ್ಕೆ ಬರುವುದರಿಂದಲೂ ಹೀಗಾಗಿರಬಹುದೆಂಬುದನ್ನು ಮರೆಯಬಾರದು. ಆದರೂ ಮೋಟಾರು ಗಾಡಿಯಲ್ಲಿ ಕುಳಿತು ಕುಳಿಯಿಂದ ಕುಳಿಗೆ ಹೋಗುವವರು ಈ ಅಂಕಿಯನ್ನು ತಮಗೆ ಅನ್ವಯಿಸಿಕೊಳ್ಳದಿರುವುದು ಲೇಸು.

ವೇಗ ಬಂದಿತೆನ್ನೋಣ. ಚೆಂಡು ನೆಟ್ಟಗೆ ಹೋಗಬೇಕಲ್ಲ! ದಿಕ್ಕು ಒಂದು ಡಿಗ್ರಿ ತಪ್ಪಿದರೆ ಇನ್ನೂರು ಮೀಟರ್ ದೂರದಲ್ಲಿ ಚೆಂಡು ಮೂರೂವರೆ ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಇದಕ್ಕೂ ಹೆಚ್ಚಿನ ತೊಂದರೆ ಚೆಂಡಿನ ಭ್ರಮಣದಿಂದ. ಈ ಭ್ರಮಣದ ಗುಟ್ಟನ್ನು ಹೊರಗೆಡಹಿದವರು ಗಾಲ್ಫಿನ ತವರಾದ ಸ್ಕಾಟ್ಲೆಂಡಿನವರೇ ಆದ, ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್. ಅವರ ಮಗ ಫ್ರೆಡ್ಡಿ ಟೇಟ್ ೧೮೯೬ರಲ್ಲಿಯೂ ೧೮೯೮ರಲ್ಲಿಯೂ ಹವ್ಯಾಸಿಗಳ ಚಾಂಪಿಯನ್ ಆಗಿದ್ದವನು. ಚೆಂಡು ಸುತ್ತುವುದೇ ಇಲ್ಲವೆಂದು ಭಾವಿಸಿ ಲೆಕ್ಕಹಾಕಿದರೆ ಬರುವುದಕ್ಕಿಂತ ಬಹಳ ಹೆಚ್ಚು ಹೊತ್ತು ಚೆಂಡು ಗಾಳಿಯಲ್ಲಿರುವುದನ್ನು ಪ್ರಾಧ್ಯಾಪಕರು ಗಮನಿಸಿದರು. ಚೆಂಡಿಗೆ ಒಂದು ಉದ್ದನೆಯ ಪಟ್ಟಿಯ ತುದಿಯನ್ನು ಅಂಟಿಸಿ, ಇನ್ನೊಂದು ತುದಿಯನ್ನು ನೆಲಕ್ಕೆ ಬಿಗಿದು, ಹತ್ತಿರದ ಜೇಡಿಮಣ್ಣಿನ ಗುರಿಗೆ ಹೊಡೆಯಿಸಿ, ಪಟ್ಟಿ ಎಷ್ಟು ಸಲ ಹುರಿಗೊಂಡಿತೆಂದು ಎಣಿಸಿದರು. ಎಷ್ಟು ಸರಳ, ಎಷ್ಟು ಸೊಗಸಾದ ಪ್ರಯೋಗ! ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹೋಗುತ್ತದೆಂಬುದು ಸ್ಥಿರಪಟ್ಟಿತು. ಹಾಗೆ ಸುತ್ತುವ ಚೆಂಡು ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಪ್ರತಿಕ್ರಿಯೆಯಿಂದ ತಾನು ಮೇಲಕ್ಕೆ ಎತ್ತಲ್ಪಡುತ್ತದೆ. ಡ್ರೈವರಿನ ಹೊಡೆತದಲ್ಲಿ ಇದು ಸೆಕೆಂಡಿಗೆ ನಲವತ್ತು ಐವತ್ತು ಸುತ್ತುಗಳಷ್ಟು. ಚೆಂಡಿನ ಮೈಮೇಲಿನ ಮುನ್ನೂರು ನಾನೂರು ಗುಳಿಗಳು ಈ ಎತ್ತುವಿಕೆಗೆ ನೆರವಾಗುವುದಲ್ಲದೆ, ಚೆಂಡಿನ ಹಿಂದಣ ಸುಳಿಯ ಪ್ರದೇಶವನ್ನು ಕಿರಿದುಮಾಡಿ ಗಾಳಿಯ ತಡೆಯನ್ನು ಅರ್ಧದಷ್ಟಕ್ಕೆ ಇಳಿಸುತ್ತವೆ. ಬಳಸಿ ಗೀರುಬಿದ್ದ ಚೆಂಡುಗಳೇ ಹೊಸ ನುಣುಪು ಚೆಂಡುಗಳಿಗಿಂತ ದೂರ ಹೋಗುವುದನ್ನು ಹಿಂದಿನ ಆಟಗಾರರು ಕಂಡುಕೊಂಡಿದ್ದರು. ಗುಳಿಗಳ ಚೆಂಡಿಗೆ ವಿಲಿಯಂ ಟೇಲರ್ ಎಂಬ ಇಂಗ್ಲಿಷಿನವರು ೧೯೦೫ರಲ್ಲಿ ಪೇಟೆಂಟ್ ಪಡೆದರು.

ಕೋಲಿನ ಮುಖ ನೋಡುವ ದಿಕ್ಕೂ ಕೋಲು ಚಲಿಸುವ ದಿಕ್ಕೂ ಒಂದೇ ಆಗಿದ್ದರೆ ಭ್ರಮಣದ ಅಕ್ಷ ನೆಲಕ್ಕೆ ಸಮಾಂತರವಾಗಿದ್ದು ಎತ್ತುವ ಬಲ ನೇರ ಮೇಲಕ್ಕಿರುತ್ತದೆ. ಅವೆರಡರ ನಡುವೆ ಕೋನ ಬಿದ್ದರೆ ಅಕ್ಷ ವಾಲಿ, ಎತ್ತುವ ಬಲದ ಒಂದಂಶ ಪಕ್ಕಕ್ಕೆ ತಿರುಗಿ, ಚೆಂಡು ಬಾಗಿ ಪೊದೆಗಳ ಕಡೆಗೆ ಹೋಗುತ್ತದೆ. ತೋಳಿನಿಂದ ಎಳೆಯುವವರ ಕೋಲು ಹೊರಗಿನಿಂದ ಒಳಕ್ಕೆ ಓರೆಯಾಗಿ ಹಾಯುವುದು ಸಾಮಾನ್ಯ. ಬಲಗೈಯವರಾದರೆ ಚೆಂಡು ಬಲಕ್ಕೆ ಬಾಗುತ್ತದೆ. ಅದನ್ನು ತಪ್ಪಿಸಲೆಂದು ಎಡಕ್ಕೆ ಗುರಿಯಿಡುವವರುಂಟು. ಹಾಗೆ ಮಾಡಿದಷ್ಟೂ ಕೋಲು ಇನ್ನೂ ಓರೆಯಾಗಿ, ಚೆಂಡು ಇನ್ನೂ ಬಾಗುತ್ತದೆ.

ಅಭ್ಯಾಸದಲ್ಲಿ ನಾವು ಒಂದೇ ಒಂದು ಸೂಚನೆಯನ್ನು ಕೊಡಬಲ್ಲೆವು. ವೃತ್ತಿಪರರ ಬೀಸನ್ನು ಅಳೆದು ನೋಡಿದರೆ ಹಿಂದೆತ್ತಲು ಮುಕ್ಕಾಲು ಸೆಕೆಂಡು, ಇಳಿಸಲು ಕಾಲು ಸೆಕೆಂಡು, ಹೀಗೆ ಮೂರಕ್ಕೊಂದರ ಲಯ ಕಾಣುತ್ತದೆ. ಚೆಂಡಿಲ್ಲದೆ, ಬಾಯಲ್ಲಿ ‘ಒಂದು ಎರಡು ಮೂರು’ ಎಂದು ಎಣಿಸುತ್ತ ಎತ್ತಿ, ‘ನಾಲ್ಕು’ ಎನ್ನುವಾಗ ಇಳಿಸಿ ಈ ಲಯವನ್ನು ಮೈಗೂಡಿಸಿಕೊಳ್ಳಬಹುದು. ಇಳಿಸುವಾಗ ಮೊದಲು ಕದಲಬೇಕಾದುದು ಸೊಂಟ, ಕೈಗಳು ಸುಮ್ಮನಿರಲಿ.

ಇಷ್ಟಾದರೂ ದೂರ ಬಾರದವರು ಬೆಂಗಳೂರಿನ ಅದಿತಿ ಅಶೋಕ್ ಅವರ ಆಟವನ್ನು ನೋಡಬೇಕು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ದೂರ ಹೊಡೆಯುವುದರಲ್ಲಿ ಅವರು ಬಹುಪಾಲು ಎದುರಾಳಿಗಳಿಗಿಂತ ಹಿಂದಿದ್ದರು. ಆದರೂ ಕುಳಿಯ ಸುತ್ತಣ ಹಸುರಿನ ಮೇಲೆ ಚೆಂಡನ್ನು ಉರುಳಿಸುವ ಕೌಶಲದಿಂದ, ಕಂಚಿನ ಪದಕಕ್ಕೆ ಒಂದೇ ಒಂದು ಹೊಡೆತ ಕಡಮೆಯಾಗಿ, ನಾಲ್ಕನೆಯವರಾದರು. ಆ ಉರುಳಿಸುವ ಹೊಡೆತದಲ್ಲಿ ಮಣಿಕಟ್ಟಿನ ಕೀಲೇ ಕೆಲಸಮಾಡುವುದಿಲ್ಲ. ಭುಜದಿಂದ ತೂಗುವ ಒಂದೇ ಲೋಲಕ. ಅದರ ಗಣಿತ ಬೇರೆ, ಹುಲ್ಲಿನ ಘರ್ಷಣೆಯ ಲೆಕ್ಕವೂ ಬೇರೆ. ಅವಕ್ಕೆ ಇನ್ನೊಂದು ಲೇಖನವೇ ಬೇಕು.